ಡಿಸೆಂಬರ್ 1ರಿಂದಲೇ ಕ್ರಿಸ್‌ಮಸ್ ಆದರೆ ಆಗಮನಕಾಲಕ್ಕೆ ಜಾಗವೆಲ್ಲಿ?

ಪ್ರಶ್ನೆ: ಕೋಡಿಬಾಗದವನು, ಕಾರವಾರ

ನಾನು ಕಾರವಾರದ ಕಥೋಲಿಕ ಮನೆತನದವನು, ವಯಸ್ಸು ಇಪ್ಪತ್ತೊಂದು. ಮನೆಯ ಮಾತು ಕೊಂಕಣಿ, ಓದು ಬರಹ ಕನ್ನಡ. ಕೆಲವು ದಿನಗಳಿಂದ ಮನಸ್ಸಿನಲ್ಲಿ ಕುಳಿತಿರುವ ವಿಷಯವೊಂದನ್ನು ಇಲ್ಲಿ ಕೇಳುತ್ತಿದ್ದೇನೆ. ಕ್ರೈಸ್ತರಲ್ಲದವರೂ ದಯವಿಟ್ಟು ಉತ್ತರಿಸಿ, ಏಕೆಂದರೆ ಇದು ನಮ್ಮ ಒಂದು ಹಬ್ಬಕ್ಕಷ್ಟೇ ಸೇರಿದ ಪ್ರಶ್ನೆಯೆಂದು ನನಗೆ ಅನಿಸುವುದಿಲ್ಲ.

ನಮ್ಮ ವಾಡೆಯ ಯುವಕ ಯುವತಿಯರು ಪ್ರತಿವರ್ಷ ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡುಗಳನ್ನು ಹಾಡುತ್ತೇವೆ. ಈ ಬಾರಿ ತಾಲೀಮು ನವೆಂಬರ್ ಕೊನೆಯ ವಾರದಲ್ಲಿಯೇ ಶುರುವಾಯಿತು. ಹಾಡುಗಳ ಪಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದರೆ, ಹನ್ನೊಂದರಲ್ಲಿ ನಾಲ್ಕು ಹಾಡುಗಳು ಮಾತ್ರ ಯೇಸುವಿನ ಜನನವನ್ನು ಕುರಿತವು. ಉಳಿದವು ಹಿಮ, ಜಾರುಬಂಡಿ, ಉಡುಗೊರೆ, ದೂರದಲ್ಲಿರುವ ಪ್ರೇಯಸಿ ಇವುಗಳನ್ನು ಕುರಿತವು. ಡಿಸೆಂಬರಿನ ಮಧ್ಯಾಹ್ನವೂ ಬೆವರಿಳಿಯುವ ನಮ್ಮ ಅಂಗಳಗಳಲ್ಲಿ ಹಿಮದ ಹಾಡು ಹಾಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಜಿಮ್ ರೀವ್ಸ್ ಮತ್ತು ಬೋನಿ ಎಂ ಅವರ ಕ್ಯಾಸೆಟ್ಟುಗಳು ಅಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿವೆ, ಆ ದನಿಗಳನ್ನು ಕೇಳದೆ ನನಗೆ ಹಬ್ಬ ಬಂದಂತೆಯೇ ಆಗುವುದಿಲ್ಲ. ಕೊರಿಯಾದ ಧಾರಾವಾಹಿಗಳಲ್ಲಿ ದೀಪಾಲಂಕಾರದ ಬೀದಿಯೊಂದರಲ್ಲಿ ಇಬ್ಬರು ಭೇಟಿಯಾಗುವ ಕ್ರಿಸ್‌ಮಸ್ ದೃಶ್ಯ ಬಂದಾಗ ನಾನೂ ಕಣ್ಣು ತೆಗೆಯದೆ ನೋಡುತ್ತೇನೆ.

ನನ್ನನ್ನು ಕಾಡುತ್ತಿರುವುದು ಕಾಲದ ಲೆಕ್ಕ. ಧರ್ಮಸಭೆಯ ಪಂಚಾಂಗದಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನಕಾಲಕ್ಕೆ, ಅಂದರೆ ಯೇಸುವಿನ ಬರವಿಗಾಗಿ ಕಾಯುವ ಕಾಲಕ್ಕೆ ಸೇರಿದವು. ಗುರುಗಳು ನೇರಳೆ ಬಣ್ಣದ ಉಡುಪು ಧರಿಸುತ್ತಾರೆ, ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ, ಏಕೆಂದರೆ ಆ ಗೀತೆ ದೇವದೂತರ ಬಾಯಿಂದ ಬೆತ್ಲೆಹೇಮಿನ ರಾತ್ರಿಯಲ್ಲಿ ಕೇಳಬೇಕಾದದ್ದು. ಕ್ರಿಸ್‌ಮಸ್ ಕಾಲ ಆರಂಭವಾಗುವುದೇ 24ರ ಸಂಜೆ. ಅದು ಮೂವರು ಜ್ಞಾನಿಗಳ ಹಬ್ಬವನ್ನು ದಾಟಿ, ಯೇಸುವಿನ ದೀಕ್ಷಾಸ್ನಾನದ ಹಬ್ಬದವರೆಗೆ ನಡೆಯುತ್ತದೆ. ಫೋನಿನ ಪರದೆಯ ಮೇಲೆ ಮಾತ್ರ ಲೆಕ್ಕ ತಲೆಕೆಳಗಾಗಿದೆ. ಅಲ್ಲಿ ಡಿಸೆಂಬರ್ 1ಕ್ಕೆ ಹಬ್ಬ ಶುರುವಾಗಿ 25ರ ರಾತ್ರಿಗೆ ಮುಗಿಯುತ್ತದೆ. 26ಕ್ಕೆ ನಮ್ಮ ಓಣಿಯ ಹುಡುಗರು ಹುಲ್ಲು ಮತ್ತು ಹಳೆಯ ಬಟ್ಟೆಗಳನ್ನು ಸೇರಿಸಿ, 31ರ ಮಧ್ಯರಾತ್ರಿ ಸುಡಲಿರುವ ಓಲ್ಡ್ ಮ್ಯಾನ್ ಬೊಂಬೆಯನ್ನು ಕಟ್ಟುವುದರಲ್ಲಿ ಮುಳುಗಿರುತ್ತಾರೆ, ಯೇಸುವಿನ ಜನನದ ದೃಶ್ಯವನ್ನು ಬೊಂಬೆಗಳಲ್ಲಿ ತೋರಿಸುವ ಗೋದಲಿಯ ಮುಂದೆ ದೀಪ ಹಚ್ಚುವವರು ಅಜ್ಜಿಯರಷ್ಟೇ.

ಅಕ್ಟೋಬರ್ 31ರಂದು ಗೆಳೆಯರು ಹ್ಯಾಲೋವೀನ್ ಎಂದು ದೆವ್ವದ ವೇಷ ಹಾಕಿ ಸೇರಿದ್ದಾಗಲೂ ನನಗೆ ಇದೇ ತಳಮಳವಾಗಿತ್ತು. ಆ ಹೆಸರಿನ ಅರ್ಥವೇ ಸಕಲ ಸಂತರ ಹಬ್ಬದ ಹಿಂದಿನ ಸಂಜೆ. ಮರುದಿನ ನವೆಂಬರ್ 1 ಸಕಲ ಸಂತರ ಹಬ್ಬ, ನಮ್ಮ ನಾಡಿಗೆ ರಾಜ್ಯೋತ್ಸವ. 2ರಂದು ನಾವೆಲ್ಲ ಸ್ಮಶಾನಕ್ಕೆ ಹೋಗಿ, ತೊಳೆದು ಶುಚಿ ಮಾಡಿದ ಸಮಾಧಿಗಳ ಮೇಲೆ ಹೂವಿಟ್ಟು ಮೇಣದ ಬತ್ತಿ ಹಚ್ಚಿದೆವು. ಎರಡು ದಿನಗಳ ಹಿಂದೆ ಸತ್ತವರನ್ನು ಹೆದರಿಕೆಯ ಆಟವಾಗಿಸಿದ್ದ ನಾನು, ನನ್ನ ಅಜ್ಜನ ಸಮಾಧಿಯ ಮುಂದೆ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದೆ.

ಜನಪ್ರಿಯ ಸಂಸ್ಕೃತಿಯನ್ನು ಬಿಡದೆ, ಈ ಕಾಯುವಿಕೆಯನ್ನೂ ಕಳೆದುಕೊಳ್ಳದೆ ಇರಲು ದಾರಿಯಿದೆಯೇ? ನಿಮ್ಮ ಊರುಗಳಲ್ಲಿ ಹೇಗೆ ನಡೆಸುತ್ತಿದ್ದೀರಿ?

ಉತ್ತರ: ಶರಾವತಿ ದಂಡೆಯ ಅಕ್ಕ, ಹೊನ್ನಾವರ

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಸ್ಮಶಾನದ ಮಾತು ನನ್ನನ್ನು ಮುಟ್ಟಿತು. ಆದರೆ ನಮ್ಮ ಕರಾವಳಿಯಲ್ಲಿ ಆಗಮನಕಾಲ ಎಂದೂ ಪೂರ್ತಿ ಮೌನವಾಗಿರಲಿಲ್ಲ ಎಂಬುದನ್ನು ನಿಮಗೆ ನೆನಪಿಸಬೇಕು. ಡಿಸೆಂಬರ್ 3ರಂದು ಸಂತ ಫ್ರಾನ್ಸಿಸ್ ಸೇವಿಯರ್ ಅವರ ಹಬ್ಬ ಬರುತ್ತದೆ. ಚಂದಾವರದ ಇಗರ್ಜಿಗೆ ಆ ದಿನ ನಡೆದು ಬರುವವರಲ್ಲಿ ಎಲ್ಲ ಮತದವರೂ ಇರುತ್ತಾರೆ, ಅಂಗಡಿ ಸಾಲು ಇರುತ್ತದೆ, ಮಕ್ಕಳ ಪೀಪಿಯ ಸದ್ದಿರುತ್ತದೆ. 8ರಂದು ಮರಿಯಮ್ಮನವರ ಅಮಲೋದ್ಭವದ ಹಬ್ಬ. ಕಾಯುವುದು ಎಂದರೆ ಬಾಯಿ ಮುಚ್ಚಿ ಕೂರುವುದು ಎಂದು ನಮ್ಮ ಹಿರಿಯರು ತಿಳಿದಿರಲಿಲ್ಲ.

ಅವರು ಕಾಯುತ್ತಿದ್ದದ್ದು ಕೈಕೆಲಸದಲ್ಲಿ. ನನ್ನ ತಾಯಿ ಡಿಸೆಂಬರ್ ಎರಡನೆಯ ವಾರದಲ್ಲಿ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೆನೆಸಿದ ಭತ್ತವನ್ನು ಬಿತ್ತುತ್ತಿದ್ದರು. ಹತ್ತು ಹನ್ನೆರಡು ದಿನಗಳಲ್ಲಿ ಅದು ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಬೆಳೆದು, 24ರ ಸಂಜೆ ಗೋದಲಿಯ ಸುತ್ತ ಹಸಿರು ಗದ್ದೆಯಾಗುತ್ತಿತ್ತು. ತಡವಾಗಿ ಬಿತ್ತಿದರೆ ಹಸಿರು ಸಾಲದು, ಮುಂಚೆ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿ ತಿರುಗಿ ಬಾಗುತ್ತದೆ. ಗೋದಲಿಯಲ್ಲಿ ಕುರಿ, ದನ, ಕುರುಬರು, ಮರಿಯಮ್ಮ, ಜೋಸೆಫರು ಎಲ್ಲರನ್ನೂ ಇಟ್ಟರೂ ಬಾಲಯೇಸುವಿನ ಜಾಗ ಮಾತ್ರ 24ರ ರಾತ್ರಿಯವರೆಗೆ ಖಾಲಿ. ಚಿಕ್ಕವಳಿದ್ದಾಗ ಆ ಖಾಲಿ ಹುಲ್ಲಿನ ತೊಟ್ಟಿಲನ್ನು ದಿನವೂ ಹೋಗಿ ನೋಡುತ್ತಿದ್ದೆ.

ಕುಸ್ವಾರಿನ, ಅಂದರೆ ಕ್ರಿಸ್‌ಮಸ್ ತಿಂಡಿಗಳ ಕೆಲಸವೂ ಹಾಗೆಯೇ. ನೆವ್ರಿಗೆ ಹೂರಣ ತುಂಬಿ ಅಂಚು ಮಡಚುವುದು, ಕಿಡಿಯೊಗಳನ್ನು ಫೋರ್ಕಿನ ಬೆನ್ನಿನ ಮೇಲೆ ಸುರುಳಿ ಮಾಡುವುದು, ಗುಲಿಯೊ ಉರುಟುವುದು ಒಬ್ಬರಿಂದ ಆಗುವಂಥದ್ದಲ್ಲ. ನೆರೆಮನೆಯ ಹೆಂಗಸರು ಬಂದು ಕುಳಿತರೆ ಮಾತು, ಜಪಮಾಲೆ, ಹಾಡು ಎಲ್ಲವೂ ಅದರೊಳಗೇ ನಡೆಯುತ್ತಿದ್ದವು. ಡಬ್ಬದ ಮುಚ್ಚಳ ಮುಚ್ಚಿದ ಮೇಲೆ ಹಬ್ಬದ ದಿನದವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಈಗ ಬೇಕರಿಯಿಂದ ಪೊಟ್ಟಣ ತರುತ್ತೇವೆ, ನಾನೂ ತರುತ್ತೇನೆ. ಆದರೆ ಹಾಡಿನ ಪಟ್ಟಿ ಬದಲಾದದ್ದಕ್ಕಿಂತ ಈ ಬದಲಾವಣೆಯೇ ನಮ್ಮ ಕಾಯುವಿಕೆಯನ್ನು ಹೆಚ್ಚಾಗಿ ಕುಗ್ಗಿಸಿತು ಎಂದು ನನ್ನ ಅಭಿಪ್ರಾಯ.

ಸಿನಿಮಾ ಧಾಟಿಯ ಕುಣಿತ ಮತ್ತು ದೊಡ್ಡ ಧ್ವನಿಪೆಟ್ಟಿಗೆಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ಕ್ಯಾರಲ್ ಹಾಡಲು ಬಂದವರು ನಮ್ಮ ಮನೆಯ ಹಾಸಿಗೆ ಹಿಡಿದ ಹಿರಿಯರ ಮುಂದೆ ಪ್ರಾರ್ಥನೆ ಮಾಡದೆ ಹೊರಟುಹೋದದ್ದನ್ನು ನಾನು ನೋಡಿದ್ದೇನೆ, ಆ ನೋವು ಇನ್ನೂ ಇದೆ.

ಉತ್ತರ: ಇತಿಹಾಸದ ವಿದ್ಯಾರ್ಥಿ, ಕುಮಟಾ

ಹಾಡುಗಳ ಪಟ್ಟಿಯ ಬಗ್ಗೆ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಜಿಂಗಲ್ ಬೆಲ್ಸ್ ಹಾಡು 1857ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಅದರಲ್ಲಿ ಕ್ರಿಸ್‌ಮಸ್ ಎಂಬ ಪದವೇ ಇಲ್ಲ. ಅದು ಕುದುರೆ ಎಳೆಯುವ ಜಾರುಬಂಡಿಯ ಸವಾರಿಯ ಹಾಡು. ಸಾಂಟಾ ಕ್ಲಾಸ್ ಎಂಬ ವ್ಯಕ್ತಿಯ ಮೂಲ, ಇಂದಿನ ಟರ್ಕಿಯಲ್ಲಿರುವ ಮೈರಾ ಪಟ್ಟಣದ ಬಿಷಪರಾಗಿದ್ದ ನಾಲ್ಕನೆಯ ಶತಮಾನದ ಸಂತ ನಿಕೊಲಾಸ್. ಅವರ ಹಬ್ಬ ಡಿಸೆಂಬರ್ 6, ಅಂದರೆ ಆಗಮನಕಾಲದ ನಡುವೆಯೇ. ಡಚ್ಚರ ಜೊತೆ ಅಮೆರಿಕಕ್ಕೆ ಹೋದ ಅವರ ನೆನಪು ಅಲ್ಲಿ 1823ರ ಒಂದು ಕವಿತೆಯಿಂದ, 1863ರಿಂದ ಥಾಮಸ್ ನಾಸ್ಟ್ ಬರೆದ ಚಿತ್ರಗಳಿಂದ ಹೊಸ ರೂಪ ಪಡೆಯಿತು. 1931ರಿಂದ ಬಂದ ಕೋಕಾ ಕೋಲಾ ಜಾಹೀರಾತುಗಳು ಆ ರೂಪವನ್ನು ಜಗತ್ತಿಗೆಲ್ಲ ಹರಡಿದವು. ಕೆಂಪು ಬಟ್ಟೆಯನ್ನು ಆ ಕಂಪನಿಯೇ ಕಂಡುಹಿಡಿಯಿತು ಎಂಬ ಮಾತು ಸರಿಯಲ್ಲ, ಅದಕ್ಕೆ ಮೊದಲೂ ಕೆಂಪು ಉಡುಪಿನ ಚಿತ್ರಗಳಿದ್ದವು.

ಆದರೆ ಇದರಿಂದ, ಇಗರ್ಜಿಯದ್ದೆಲ್ಲ ಶುದ್ಧ, ಜನಪ್ರಿಯವಾದದ್ದೆಲ್ಲ ಬೆರಕೆ ಎಂದು ತೀರ್ಮಾನಿಸಬಾರದು. ನಿಮ್ಮ ಗೋದಲಿಯನ್ನೇ ನೋಡಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸ್ ಅವರು ನಿಜವಾದ ಹುಲ್ಲು, ಎತ್ತು ಮತ್ತು ಕತ್ತೆಯನ್ನು ತರಿಸಿ ಜನನದ ದೃಶ್ಯವನ್ನು ಓದುಬರಹ ಬಾರದ ಜನರ ಕಣ್ಣೆದುರು ನಿಲ್ಲಿಸಿದರು. ಅದು ಆ ಕಾಲದ ಜನಪ್ರಿಯ ಪ್ರದರ್ಶನವೇ ಅಲ್ಲವೇ? ಸೈಲೆಂಟ್ ನೈಟ್ ಹಾಡನ್ನು ಮೊದಲು ಹಾಡಿದ್ದು 1818ರ ಡಿಸೆಂಬರ್ 24ರಂದು, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಊರಿನಲ್ಲಿ, ಆರ್ಗನ್ ಇಲ್ಲದೆ ಗಿಟಾರಿನ ಜೊತೆ. ಆ ಇಗರ್ಜಿ ಸಂತ ನಿಕೊಲಾಸರ ಹೆಸರಿನದು. ಹೊನ್ನಾವರದ ಅಕ್ಕನವರು ಹೇಳಿದ ಭತ್ತದ ಸಸಿಯಂತೆಯೇ, ಕ್ರೊಯೇಷಿಯಾದಲ್ಲಿ ಡಿಸೆಂಬರ್ 13ರ ಸಂತ ಲೂಸಿಯವರ ಹಬ್ಬದಂದು ತಟ್ಟೆಯಲ್ಲಿ ಗೋಧಿ ಬಿತ್ತಿ ಕ್ರಿಸ್‌ಮಸ್‌ಗೆ ಹಸಿರು ಮಾಡುತ್ತಾರೆ.

ಹಾಗಾಗಿ ಹಾಡು ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ, ಅದನ್ನು ಕೇಳಿದ ಮನೆಯವರಿಗೆ ಗೋದಲಿಯ ಕಥೆ ತಲುಪಿತೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಜಿಂಗಲ್ ಬೆಲ್ಸ್ ಒಂದು ಇದ್ದರೆ ಏನೂ ಕೆಡುವುದಿಲ್ಲ, ಏಳು ಇದ್ದರೆ ಕಥೆಗೆ ಜಾಗ ಉಳಿಯುವುದಿಲ್ಲ.

ಉತ್ತರ: ಮದ್ದಳೆಯ ಮನೆಯವನು, ಶಿರಸಿ

ನಾನು ಕ್ರೈಸ್ತನಲ್ಲ, ಯಕ್ಷಗಾನದ ಮನೆಯವನು. ನಿಮ್ಮ ಪ್ರಶ್ನೆಯನ್ನು ಓದುವಾಗ ವೇಷ ಕಟ್ಟುವ ನಮ್ಮ ಚೌಕಿಯಲ್ಲಿ ನಡೆಯುವ ಮಾತನ್ನೇ ಕೇಳಿದಂತಾಯಿತು. ರಾತ್ರಿ ಪೂರ್ತಿ ನಡೆಯುತ್ತಿದ್ದ ಆಟ ಕಾಲಮಿತಿಗೆ ಇಳಿದು ಮೂರು ಗಂಟೆಯಾದಾಗ, ಪದ್ಯಗಳಿಗೆ ಸಿನಿಮಾ ಧಾಟಿ ಬಂದಾಗ ಹಿರಿಯರು ನೊಂದುಕೊಂಡರು, ಹೊಸಬರು ಪ್ರೇಕ್ಷಕರು ಬರಬೇಕಲ್ಲ ಎಂದರು. ಇಬ್ಬರಲ್ಲಿಯೂ ಸತ್ಯವಿತ್ತು. ನನಗೆ ತಂದೆಯವರು ಹೇಳಿಕೊಟ್ಟದ್ದೆಂದರೆ, ಆಟವನ್ನು ಚಿಕ್ಕದು ಮಾಡುವಾಗ ಕುಣಿತವನ್ನು ಉಳಿಸಿ ಒಡ್ಡೋಲಗವನ್ನು ಕಡಿಯುವುದು ಸುಲಭ, ಆದರೆ ಪಾತ್ರ ನಿಧಾನವಾಗಿ ತೆರೆಯ ಹಿಂದಿನಿಂದ ಕಾಣಿಸಿಕೊಳ್ಳುವ ಆ ಹೊತ್ತು ಹೋದರೆ ಮುಂದಿನ ಕುಣಿತಕ್ಕೆ ಬಲವಿರುವುದಿಲ್ಲ. ನಿಮ್ಮ ಆಗಮನಕಾಲ ನನಗೆ ಒಡ್ಡೋಲಗದಂತೆ ಕಾಣುತ್ತಿದೆ.

ಇನ್ನೊಂದು ಮಾತು. ನೀವು ಕ್ರಿಸ್‌ಮಸ್‌ಗೆ ಮಾಡುವ ನೆವ್ರಿಯನ್ನು ಕಾರವಾರದ ಹಿಂದೂ ಮನೆಗಳಲ್ಲಿ ಚೌತಿಗೆ ಮಾಡುತ್ತಾರೆ. 2024ರಲ್ಲಿ ಚೌತಿ ಸೆಪ್ಟೆಂಬರ್ 7ಕ್ಕೆ, ನಿಮ್ಮ ತೆನೆಹಬ್ಬ 8ಕ್ಕೆ ಬಂದಿತ್ತು. ಆಗ ನಾನು ಕಾರವಾರದ ಸ್ನೇಹಿತರ ಮನೆಯಲ್ಲಿದ್ದೆ. ಒಂದು ಮನೆಯಲ್ಲಿ ಗಣಪತಿಯ ಮೇಲೆ ಕಟ್ಟಿದ ಮಾಟೊಳಿಯಲ್ಲಿ ಹಣ್ಣು ಕಾಯಿಗಳು ತೂಗುತ್ತಿದ್ದವು, ಮರುದಿನ ಪಕ್ಕದ ಮನೆಯಲ್ಲಿ ಇಗರ್ಜಿಯಿಂದ ತಂದ ಹೊಸ ತೆನೆಯನ್ನು ಹಾಲಿಗೆ ಹಾಕಿ ಎಲ್ಲರಿಗೂ ಕೊಟ್ಟರು. ಚೌತಿಯ ಮೆರವಣಿಗೆಯಲ್ಲಿ ಡಿಜೆ ಬೇಕೇ ಎಂಬ ಜಗಳ ನಮ್ಮಲ್ಲಿಯೂ ಪ್ರತಿವರ್ಷ ಇದೆ. ಈ ವಿಷಯದಲ್ಲಿ ನೀವು ಒಬ್ಬಂಟಿಯಲ್ಲ.

ಉತ್ತರ: ದಮಾಮಿಯವಳು, ಹಳಿಯಾಳ

ನಾನು ಸಿದ್ದಿ ಸಮುದಾಯದ ಕ್ರೈಸ್ತಳು. ದೊಡ್ಡ ಸದ್ದು ಬೇಡ ಎಂದು ಅಕ್ಕನವರು ಬರೆದದ್ದಕ್ಕೆ ಒಂದು ಮಾತು ಹೇಳಲೇಬೇಕು. ನಮ್ಮ ಹಾಡಿಯಲ್ಲಿ ಹಬ್ಬ ಎಂದರೆ ದಮಾಮಿ ಬಾರಿಸಬೇಕು, ಕುಣಿಯಬೇಕು. ಆ ವಾದ್ಯ ನಮ್ಮ ಹಿರಿಯರ ನೆನಪಿನಲ್ಲಿ ಆಫ್ರಿಕಾದಿಂದ ನಮ್ಮ ಜೊತೆ ಬಂದದ್ದು, ಸಿನಿಮಾದಿಂದ ಬಂದದ್ದಲ್ಲ. ಹೊರಗಿನವರಿಗೆ ಅದು ಗದ್ದಲವೆಂದು ಕೇಳಿಸಿರಬಹುದು, ನಮಗೆ ಅದು ಪ್ರಾರ್ಥನೆಯ ಮುಂದುವರಿಕೆ. ಇತ್ತೀಚೆಗೆ ನಮ್ಮ ಮಕ್ಕಳು ದಮಾಮಿಯನ್ನು ಬದಿಗಿಟ್ಟು ರೀಲ್ಸ್‌ನ ಹಾಡಿಗೆ ಹೆಜ್ಜೆ ಕಲಿಯುತ್ತಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲವೆಂದು, ಕಳೆದ ವರ್ಷ ಅವರ ಫೋನಿನಿಂದಲೇ ನಮ್ಮ ಅಜ್ಜಿಯ ಹಾಡುಗಳನ್ನು ರೆಕಾರ್ಡ್ ಮಾಡಿಸಿದೆವು. ಈಗ ಆ ಮಕ್ಕಳಲ್ಲಿ ಇಬ್ಬರಿಗೆ ಎರಡು ಹಾಡುಗಳು ಬಾಯಿಪಾಠವಾಗಿವೆ.

ಉತ್ತರ: ಶರಾವತಿ ದಂಡೆಯ ಅಕ್ಕ, ಹೊನ್ನಾವರ

ಹಳಿಯಾಳದ ತಂಗಿ, ನಿಮ್ಮ ಮಾತು ಸರಿ. ನಾನು ಬಾಡಿಗೆಯ ಧ್ವನಿಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದೆ, ದಮಾಮಿಯನ್ನು ಅಲ್ಲ. ಅದನ್ನು ಬಿಡಿಸಿ ಹೇಳಬೇಕಿತ್ತು.

ಪ್ರಶ್ನೆ ಕೇಳಿದವರಿಂದ: ಕೋಡಿಬಾಗದವನು, ಕಾರವಾರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಈ ಉತ್ತರಗಳನ್ನು ನಿನ್ನೆಯ ತಾಲೀಮಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ಚರ್ಚೆಯಾಯಿತು. ಹಾಡುವ ತಿರುಗಾಟವನ್ನು ಪೂರ್ತಿಯಾಗಿ 25ರ ನಂತರಕ್ಕೆ ಹಾಕಬೇಕೆಂಬ ನನ್ನ ಸಲಹೆಗೆ ಒಪ್ಪಿಗೆ ಸಿಗಲಿಲ್ಲ, ಏಕೆಂದರೆ ಹೊರ ಊರುಗಳಲ್ಲಿ ಕೆಲಸದಲ್ಲಿರುವ ನಾಲ್ವರು 28ಕ್ಕೆ ಹಿಂತಿರುಗಬೇಕು. ಕೊನೆಗೆ 22 ಮತ್ತು 23ರಂದು ಆಗಮನಕಾಲದ ಹಾಡುಗಳೊಂದಿಗೆ, ಸಾಂಟಾ ವೇಷವಿಲ್ಲದೆ, ಹಾಸಿಗೆ ಹಿಡಿದವರೂ ಹಿರಿಯರೂ ಇರುವ ಮನೆಗಳಿಗೆ ಹೋಗುವುದು, 26 ಮತ್ತು 27ರಂದು ಉಳಿದ ಮನೆಗಳಿಗೆ ಪೂರ್ಣ ಸಂಭ್ರಮದಿಂದ ಹೋಗುವುದು ಎಂದು ನಿಶ್ಚಯವಾಯಿತು. ಹನ್ನೊಂದು ಹಾಡುಗಳಲ್ಲಿ ಈಗ ಏಳು ಗೋದಲಿಯ ಹಾಡುಗಳು. ಅವುಗಳಲ್ಲಿ ಎರಡು ನನ್ನ ಅಜ್ಜಿ ಹೇಳಿಕೊಟ್ಟ ಕೊಂಕಣಿ ಹಾಡುಗಳು. ಬೋನಿ ಎಂ ಹಾಡು ಉಳಿದಿದೆ, ನಾನೇ ಉಳಿಸಿಕೊಂಡೆ.

ಹೊನ್ನಾವರದ ಅಕ್ಕನವರಿಗೆ ಒಂದು ಪ್ರಶ್ನೆ ಬಾಕಿಯಿದೆ. ನಾಳೆ 13ನೇ ತಾರೀಕು. ಬಿತ್ತಲೆಂದು ಒಂದು ಬೊಗಸೆ ಭತ್ತವನ್ನು ಇಂದು ಸಂಜೆ ನೆನೆಸಿದ್ದೇನೆ. ತಟ್ಟೆಯಲ್ಲಿ ಬರಿಯ ಮರಳು ಸಾಕೇ, ಅಥವಾ ಗದ್ದೆಯ ಮಣ್ಣನ್ನೇ ತರಬೇಕೇ?

ಉತ್ತರ: ಶರಾವತಿ ದಂಡೆಯ ಅಕ್ಕ, ಹೊನ್ನಾವರ

ಗದ್ದೆಯ ಮಣ್ಣೇ ಒಳ್ಳೆಯದು, ಅದಕ್ಕೆ ಸ್ವಲ್ಪ ತೆಂಗಿನ ನಾರಿನ ಪುಡಿ ಬೆರೆಸಿ. ಸಮುದ್ರದ ಮರಳು ಬೇಡ, ಉಪ್ಪಿರುತ್ತದೆ. ಮೊದಲ ಮೂರು ದಿನ ಒದ್ದೆ ಬಟ್ಟೆ ಮುಚ್ಚಿ ಕತ್ತಲಲ್ಲಿಡಿ, ಮೊಳಕೆ ಕಂಡ ಮೇಲೆ ಕಿಟಕಿಯ ಬಳಿಗೆ ತನ್ನಿ.