ಬಿಳಿ ಕಾರಿನ ಮೇಲೆ ಹಾರಿ ಕೂತ ರೆಡ್ ಆಕ್ಸೈಡ್ ಚುಕ್ಕಿಗಳನ್ನು ತೆಗೆಯುವುದು ಹೇಗೆ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ಪಕ್ಕದ ಕಟ್ಟಡದಲ್ಲಿ ಕಳೆದ ಶನಿವಾರ ಮಹಡಿಯ ಕಬ್ಬಿಣದ ಗ್ರಿಲ್‌ಗಳಿಗೆ ಕಂಪ್ರೆಸರ್ ಇಟ್ಟು ರೆಡ್ ಆಕ್ಸೈಡ್ ಪ್ರೈಮರ್ ಹೊಡೆದಿದ್ದಾರೆ. ಆಷಾಢದ ಗಾಳಿಗೆ ಅದರ ಸಿಂಪಡಿಕೆಯೆಲ್ಲ ಹಾರಿ ಬಂದು, ನಮ್ಮ ಕಾಂಪೌಂಡಿನೊಳಗೆ ನಿಂತಿದ್ದ ಬಿಳಿ ಕಾರಿನ ಬಾನೆಟ್, ಟಾಪ್, ಎಡಗಡೆಯ ಎರಡು ಬಾಗಿಲು ಮತ್ತು ಮುಂದಿನ ಗಾಜಿನ ಮೇಲೆ ಕೂತಿದೆ. ನಾನು ಊರಿನಲ್ಲಿ ಇರಲಿಲ್ಲವಾದ್ದರಿಂದ ನೋಡಿದ್ದು ಮೂರನೆಯ ದಿನ. ದೂರದಿಂದ ಕಾರು ತುಸು ಗುಲಾಬಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಕೈಯಾಡಿಸಿದರೆ ಚಿರೋಟಿ ರವೆ ಚೆಲ್ಲಿದ ತಟ್ಟೆಯನ್ನು ಸವರಿದಂತಾಗುತ್ತದೆ.

ಶಾಂಪೂ ಹಾಕಿ ಎರಡು ಸಲ ತೊಳೆದರೂ ಒಂದು ಚುಕ್ಕಿಯೂ ಕದಲಲಿಲ್ಲ. ಪೇಂಟರ್ ತಾವೇ ಬಂದು, ಬಟ್ಟೆಗೆ ಥಿನ್ನರ್ ಹಾಕಿಕೊಂಡು ಹಿಂದಿನ ಬಂಪರಿನ ಮೂಲೆಯಲ್ಲಿ ಉಜ್ಜಿ ತೋರಿಸಿದರು. ಚುಕ್ಕಿಗಳ ಜೊತೆಗೆ ಹೊಳಪೂ ಹೋಗಿ ಅಂಗೈಯಗಲದ ಜಾಗ ಮಂಕಾಯಿತು, ಬಟ್ಟೆಗೆ ಬಿಳಿ ಬಣ್ಣವೂ ಹತ್ತಿತು. ಅಲ್ಲಿಗೇ ನಿಲ್ಲಿಸಿ ಎಂದೆ. ಆ ಬಂಪರನ್ನು ಎರಡು ವರ್ಷದ ಹಿಂದೆ ಸಣ್ಣ ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಿದ್ದೆ. ಉಳಿದದ್ದೆಲ್ಲ ಕಂಪನಿಯ ಬಣ್ಣವೇ. ಐರನ್ ರಿಮೂವರ್ ಸಿಂಪಡಿಸಿದರೆ ಸಾಕೆಂದು ಒಬ್ಬರು, ಪೂರ್ತಿ ರಬ್ಬಿಂಗ್ (ಕಂಪೌಂಡ್ ಎಂಬ ತರಿಯಾದ ಪೇಸ್ಟ್ ಹಾಕಿ ಉಜ್ಜುವುದು) ಮಾಡಿಸಲೇಬೇಕೆಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಬಣ್ಣ ಕೆಡದಂತೆ ಮನೆಯಲ್ಲೇ ಮಾಡಿಕೊಳ್ಳುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:

ಸರ್, ಥಿನ್ನರನ್ನು ನಿಲ್ಲಿಸಿದ್ದು ಒಳ್ಳೆಯದಾಯಿತು. ನಾನು ಕಾರ್ ಡೀಟೇಲಿಂಗ್ ಕೆಲಸದಲ್ಲಿರುವವನು. ಗ್ರಿಲ್, ಗೇಟಿನ ಪೇಂಟ್ ಹಾರಿದ ಗಾಡಿಗಳು ನಮ್ಮಲ್ಲಿಗೆ ಆಗಾಗ ಬರುತ್ತವೆ. ಗನ್ನಿನಿಂದ ಹೊರಟ ಹನಿ ಗಾಳಿಯಲ್ಲಿ ಬರುವಾಗಲೇ ಅರ್ಧ ಒಣಗಿರುತ್ತದೆ. ಹಾಗಾಗಿ ಅದು ಕಾರಿನ ಬಣ್ಣದೊಳಗೆ ಇಳಿಯದೆ ಮೇಲೆ ಅಂಟಿಕೊಂಡಿರುತ್ತದೆ, ಅಷ್ಟೆ. ನಮಗೆ ಅನುಕೂಲವಾಗುವುದು ಇದೇ: ಕರಗಿಸುವ ಅಗತ್ಯವಿಲ್ಲ, ಎತ್ತಿ ತೆಗೆದರೆ ಸಾಕು.

ಅದಕ್ಕೆ ಬೇಕಾದದ್ದು ಕ್ಲೇ ಬಾರ್, ಅಂದರೆ ಬಣ್ಣದ ಮೇಲೆ ಕೂತ ಕಣಗಳನ್ನು ಅಂಟಿಸಿಕೊಂಡು ಎತ್ತುವ, ಜೇಡಿಯಂಥ ಮೆತ್ತನೆಯ ವಸ್ತು. ಸಾಮಾನ್ಯವಾಗಿ ನೂರು ಗ್ರಾಮಿನ ಉಂಡೆಯಾಗಿ ಸಿಗುತ್ತದೆ. ನುಣುಪಾದದ್ದನ್ನು, ಅಂದರೆ ಫೈನ್ ಗ್ರೇಡನ್ನು ತನ್ನಿ. ಮೊದಲು ಗಾಡಿಯನ್ನು ಚೆನ್ನಾಗಿ ತೊಳೆದು ಮರಳು, ಧೂಳು ಏನೂ ಉಳಿಯದಂತೆ ನೋಡಿಕೊಳ್ಳಿ. ನೆರಳಿನಲ್ಲಿ, ಬಾನೆಟ್ ತಣ್ಣಗಿರುವಾಗಲೇ ಕೆಲಸ ಹಿಡಿಯಬೇಕು. ಕ್ಲೇಯ ಕಾಲುಭಾಗ ಮುರಿದು, ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತಗೆ ಮಾಡಿ, ಬೆರಳುಗಳ ಕೆಳಗೆ ಹಿಡಿಯುವಷ್ಟು ಅಗಲಕ್ಕೆ ತಟ್ಟಿಕೊಳ್ಳಿ. ಸ್ಪ್ರೇ ಬಾಟಲಿಯಲ್ಲಿ ಕಾರ್ ಶಾಂಪೂ ಬೆರೆಸಿದ ನೀರು ತುಂಬಿಕೊಂಡು, ಸುಮಾರು ಎರಡಡಿ ಚೌಕದ ಜಾಗವನ್ನು ಹರಿಯುವಷ್ಟು ಒದ್ದೆ ಮಾಡಿ, ಕ್ಲೇಯನ್ನು ಒತ್ತದೆ, ಸುತ್ತು ಹಾಕದೆ, ನೇರವಾಗಿ ಹಿಂದೆ ಮುಂದೆ ಜಾರಿಸಿ. ಮೊದಲ ನಾಲ್ಕೈದು ಸಲ ಅದು ಕಚ್ಚಿಕೊಂಡು ಕರಕರ ಸದ್ದು ಮಾಡುತ್ತದೆ. ಚುಕ್ಕಿಗಳು ಬಿಡುತ್ತಾ ಬಂದಂತೆ ಸದ್ದು ಇಳಿದು, ಕೈ ಸಲೀಸಾಗಿ ಜಾರತೊಡಗುತ್ತದೆ. ಕಣ್ಣಿಗಿಂತ ಕೈಯನ್ನೇ ನಂಬಿ. ತೆಳುವಾದ ಪ್ಲಾಸ್ಟಿಕ್ ಕವರಿನೊಳಗೆ ಬೆರಳು ಹಾಕಿ ಸವರಿದರೆ, ಉಳಿದ ಒಂದೊಂದು ಕಣವೂ ಗೊತ್ತಾಗುತ್ತದೆ.

ಕ್ಲೇಯ ಮುಖ ಕೆಂಪಾದೊಡನೆ ಮಡಚಿ, ನಾದಿ, ಹೊಸ ಮುಖ ತೆಗೆದುಕೊಳ್ಳಿ. ಕೈತಪ್ಪಿ ನೆಲಕ್ಕೆ ಬಿದ್ದರೆ ಆ ತುಂಡನ್ನು ಎಸೆದುಬಿಡಿ. ಅದಕ್ಕೆ ಹತ್ತಿದ ಒಂದು ಮರಳಿನ ಕಣ ಬಾನೆಟ್ಟಿನುದ್ದಕ್ಕೂ ಗೀರು ಎಳೆದೀತು. ಈ ಮಾತನ್ನು ಕೇಳಿದವರು ಕಡಿಮೆ, ಕೇಳದೆ ನಮ್ಮ ಬಳಿಗೆ ಬಂದವರು ಬಹಳ.

ಗಾಜಿನ ಕೆಲಸ ಸುಲಭ: ಚೆನ್ನಾಗಿ ಒದ್ದೆ ಮಾಡಿ ಹೊಸ ಬ್ಲೇಡನ್ನು ಆದಷ್ಟು ಮಲಗಿಸಿ ಹಿಡಿದು ಒಂದೇ ದಿಕ್ಕಿಗೆ ಕೆರೆಯಿರಿ. ಹೆಡ್‌ಲೈಟ್ ಮಾತ್ರ ಗಾಜಲ್ಲ, ಪಾಲಿಕಾರ್ಬೊನೇಟ್. ಅದಕ್ಕೆ ಬ್ಲೇಡೂ ಬೇಡ, ಥಿನ್ನರೂ ಬೇಡ, ಕ್ಲೇ ಸಾಕು.

ಉತ್ತರ 2:

ನಮ್ಮ ಗಾಡಿಗೆ ಗೇಟಿನ ಎನಾಮೆಲ್ ಪೇಂಟ್ ಹಾರಿದಾಗ ಸೀಮೆಎಣ್ಣೆಯಲ್ಲಿ ಒರೆಸಿದ್ದೆವು, ಚೆನ್ನಾಗಿಯೇ ಹೋಯಿತು. ಇಷ್ಟಕ್ಕೆ ಕ್ಲೇ, ಪಾಲಿಶ್ ಎಂದು ಖರ್ಚು ಮಾಡಬೇಕೇ?

ಉತ್ತರ 3:

ಮೇಲಿನವರು ಅದೇ ದಿನ ಒರೆಸಿರಬೇಕು, ಆದ್ದರಿಂದ ಹೋಗಿದೆ. ನಾನು ಪೇಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನಾದ್ದರಿಂದ ಇದರ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಸಾಮಾನ್ಯ ಎನಾಮೆಲ್ ಮತ್ತು ಆಲ್ಕಿಡ್ ಮಾದರಿಯ (ಎಣ್ಣೆ ಸೇರಿಸಿ ಮಾಡಿದ ಅಂಟಿನ) ರೆಡ್ ಆಕ್ಸೈಡ್ ಪ್ರೈಮರುಗಳು ಎರಡು ಹಂತದಲ್ಲಿ ಒಣಗುತ್ತವೆ. ಮೊದಲು ಅದರಲ್ಲಿನ ಟರ್ಪಂಟೈನ್ ಆರಿಹೋಗುತ್ತದೆ. ಆಮೇಲೆ ಅಂಟಿನಲ್ಲಿರುವ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಒಂದಕ್ಕೊಂದು ಹೆಣೆದುಕೊಂಡು, ದಿನಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಟರ್ಪಂಟೈನ್ ಅಥವಾ ಸೀಮೆಎಣ್ಣೆಗೆ ಕರಗುವ ಅದೇ ಚುಕ್ಕಿ, ಹೆಣೆದುಕೊಂಡ ಮೇಲೆ ಅವಕ್ಕೆ ಜಗ್ಗುವುದಿಲ್ಲ. ಸೀಮೆಎಣ್ಣೆ ಬಾಗಿಲಿನ ರಬ್ಬರ್ ಬೀಡಿಂಗಿಗೆ ತಾಗಿದರೆ ಅದು ಉಬ್ಬುತ್ತದೆ ಎಂಬುದನ್ನೂ ನೆನಪಿಡಬೇಕು.

ಬಂಪರಿನ ವಿಷಯ ಬೇರೆ. ಕಾರ್ಖಾನೆಯಲ್ಲಿ ಬಾಡಿಯ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಜೋಡಿಸಿದ ಕಾರಿನಲ್ಲಿ ಪ್ಲಾಸ್ಟಿಕ್, ವೈರಿಂಗ್ ಎಲ್ಲ ಇರುವುದರಿಂದ ಒಳ್ಳೆಯ ಬೂತಿನಲ್ಲೂ (ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ) 60 ಡಿಗ್ರಿಯ ಸುತ್ತಮುತ್ತಲೇ ಒಣಗಿಸಬೇಕಾಗುತ್ತದೆ. ಸಣ್ಣ ಗ್ಯಾರೇಜುಗಳಲ್ಲಿ ಬಿಸಿಲೇ ಬೂತು. ಹಾರ್ಡನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರಾವಣ) ಬೆರೆಸದ ಬಣ್ಣವಾಗಿದ್ದರೆ ಎಷ್ಟು ವರ್ಷವಾದರೂ ಅದು ಥಿನ್ನರಿಗೆ ಮತ್ತೆ ಕರಗುತ್ತದೆ. ಬಟ್ಟೆಗೆ ಬಿಳಿ ಬಣ್ಣ ಹತ್ತಿತೆಂದರೆ ನಿಮ್ಮ ಬಂಪರಿನಲ್ಲಿ ಆದದ್ದು ಬಹುಶಃ ಅದೇ.

ಐರನ್ ರಿಮೂವರ್ ಇಲ್ಲಿ ದಂಡ. ಬ್ರೇಕಿನಿಂದ ಹಾರಿ ಬಂದು ಬಣ್ಣದ ಮೇಲೆ ಕೂತ ಕಬ್ಬಿಣದ ಪುಡಿಗೆ ಅದು ಸರಿ. ರೆಡ್ ಆಕ್ಸೈಡ್ ಎಂಬುದೂ ಕಬ್ಬಿಣದ ಆಕ್ಸೈಡೇ ಆದರೂ, ಒಂದೊಂದು ಕಣವೂ ಅಂಟಿನೊಳಗೆ ಮುಚ್ಚಿಕೊಂಡಿರುವುದರಿಂದ ಆ ದ್ರಾವಣ ಅದನ್ನು ಮುಟ್ಟುವುದೇ ಇಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ಏಳಕ್ಕೆ ಕೂತವನು ಬಾನೆಟ್ ಮತ್ತು ಎರಡು ಬಾಗಿಲು ಮುಗಿಸುವಷ್ಟರಲ್ಲಿ ಹನ್ನೊಂದಾಯಿತು. ಟಾಪನ್ನು ಸಂಜೆ ಮಾಡಿದೆ. ಕ್ಲೇ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಸಮಾಧಾನ. ಬಾನೆಟ್ ಈಗ ಗಾಜಿನಂತೆ ಜಾರುತ್ತದೆ, ಆದರೆ ಬಿಸಿಲಿಗೆ ಹಿಡಿದು ನೋಡಿದರೆ ಕೂದಲೆಳೆಗಿಂತ ತೆಳುವಾದ ಗೀರುಗಳ ಮಸುಕು ಕಾಣುತ್ತದೆ. ವೈಪರಿನ ಬುಡದ ಕಪ್ಪು ಪ್ಲಾಸ್ಟಿಕ್ಕಿನ ತರಿಯೊಳಗೆ ಕೂತ ಚುಕ್ಕಿಗಳು ಮಾತ್ರ ಬರಲೇ ಇಲ್ಲ. ಪಕ್ಕದ ಕಟ್ಟಡದವರು ಖರ್ಚು ಕೊಡಲು ಒಪ್ಪಿದ್ದಾರೆ. ಈಗ ರಬ್ಬಿಂಗ್ ಮಾಡಿಸಲೇ?

ಉತ್ತರ 1:

ಆ ಮಸುಕು ಕ್ಲೇಯಿಂದಲೇ ಬರುವಂಥದ್ದು, ಗಾಬರಿ ಬೇಡ. ಒರಟು ಕಂಪೌಂಡ್ ಹಾಕಿ ಮಿಷಿನ್ ರಬ್ಬಿಂಗ್ ಮಾಡಿಸಬೇಡಿ; ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪವಿರುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಫೈನ್ ಪಾಲಿಶನ್ನು ಮೆತ್ತನೆಯ ಫೋಮ್ ಪ್ಯಾಡಿನಲ್ಲಿ ಒಂದು ಸಲ ಓಡಿಸಿದರೆ ಸಾಕು. ಇದ್ದ ವ್ಯಾಕ್ಸೆಲ್ಲ ಕ್ಲೇಯೊಂದಿಗೆ ಹೋಗಿರುವುದರಿಂದ ಮೇಲೆ ಹೊಸದಾಗಿ ವ್ಯಾಕ್ಸ್ ಹಚ್ಚಿ.

ವೈಪರಿನ ಬುಡದ ಪ್ಲಾಸ್ಟಿಕ್ಕಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಟರ್ಪಂಟೈನಿನಲ್ಲಿ ತುಸುವೇ ಅದ್ದಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಒಂದೊಂದೇ ಚುಕ್ಕಿಯನ್ನು ತೀಡಿ ನೋಡಿ, ಕೂಡಲೇ ಸೋಪು ನೀರಿನಿಂದ ತೊಳೆಯಿರಿ. ಹೋಗದಿದ್ದರೆ ಆ ಭಾಗ ಬಿಚ್ಚಿ ಹಾಕುವಂಥದ್ದೇ. ಹೊಸದನ್ನು ಹಾಕಿಸಿ, ಅದರ ಬಿಲ್ಲನ್ನೂ ಬಂಪರಿನ ರೀಪೇಂಟಿನ ಬಿಲ್ಲನ್ನೂ ಒಟ್ಟಿಗೆ ಪಕ್ಕದವರಿಗೆ ಕೊಡಿ. ಗ್ರಿಲ್ಲಿಗೆ ಎರಡನೆಯ ಕೋಟ್ ಹೊಡೆಯುವುದು ಯಾವತ್ತು ಎಂದು ಅವರನ್ನು ಈಗಲೇ ಕೇಳಿಟ್ಟುಕೊಳ್ಳಿ.