ಪವರ್ ಬಟನ್ ಒತ್ತಿದ್ರೆ ಫ್ಯಾನ್ ಕಾಲು ಸುತ್ತು ತಿರುಗಿ ನಿಲ್ತದೆ, ಎಂತ ಮಾಡೂದು?

ಪ್ರಶ್ನೆ (ಕುಮಟಾ ಕಡೆಯಿಂದ):
ಅಣ್ಣಾ ನಮಸ್ಕಾರ, ಎರಡು ವರ್ಷದ ಹಿಂದೆ ಒಂದೊಂದೇ ಪಾರ್ಟ್ ತರಿಸಿ ನಾನೇ ಪಿಸಿ ಜೋಡಿಸಿದ್ದೆ. ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಕರೆಂಟ್ ಕೊಡೋ 550 ವ್ಯಾಟ್ ಎಸ್‌ಎಂಪಿಎಸ್. ಮನೆ ಸಮುದ್ರಕ್ಕೆ ಹತ್ರಾನೇ, ರಾತ್ರಿ ಮಲಗಿದ್ರೆ ತೆರೆ ಸದ್ದು ಕೇಳ್ತದೆ. ಮಳೆಗಾಲ ಪೂರ್ತಿ ಹುಬ್ಬಳ್ಳಿ ಹಾಸ್ಟೆಲಲ್ಲಿದ್ದೆ, ಧೂಳು ಬೀಳಬಾರದು ಅಂತ ಪಿಸಿ ಮೇಲೆ ದಪ್ಪ ಟವೆಲ್ ಹೊದೆಸಿ ಹೋಗಿದ್ದೆ. ಚೌತಿಗೆ ಬಂದು ಆನ್ ಮಾಡಿದ್ರೆ ಫ್ಯಾನ್ ಕಾಲು ಸುತ್ತು ತಿರುಗಿ ಟಕ್ ಅಂತ ನಿಲ್ತದೆ, ಆಮೇಲೆ ಎಷ್ಟು ಒತ್ತಿದ್ರೂ ಇಲ್ಲ, ಗೋಡೆ ಸ್ವಿಚ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ ಮತ್ತೊಮ್ಮೆ ಕಾಲು ಸುತ್ತು. ಒಂದು ಅಂಗಡೀಲಿ ಕೇಳಿದ್ದಕ್ಕೆ ಪಿಸಿ ನೋಡದೇನೇ ಬೋರ್ಡು ಎಸ್‌ಎಂಪಿಎಸ್ ಎರಡೂ ಹೋಗಿದೆ, ಹೊಸದು ಹಾಕ್ಬೇಕು ಅಂದ್ರು. ಅಪ್ಪನ ಹತ್ರ ಮತ್ತೆ ದುಡ್ಡು ಕೇಳೂಕೆ ಮನಸ್ಸಿಲ್ಲ. ಪ್ರೊಸೆಸರ್ ಸುಟ್ಟಿರ್ಬಹುದಾ?

ಉತ್ತರ (ರಿಪೇರಿ ಕೆಲಸದವರು):
ತಮಾ, ಮೊದಲು ಗಾಬರಿ ಬಿಡು. ಇದ್ರಲ್ಲಿ ಹಾಳಾಗೂದು ಎಲ್ಲಕ್ಕಿಂತ ಕಡಿಮೆ ಅಂದ್ರೆ ಪ್ರೊಸೆಸರ್ರೇ. ಸದ್ಯಕ್ಕೆ ಯಾವ ಪಾರ್ಟೂ ತಗೋಬೇಡ.

ಕಾಲು ಸುತ್ತು ತಿರುಗಿ ನಿಲ್ಲೂದು ಅಂದ್ರೆ ಪಿಸಿ ಸತ್ತಿಲ್ಲ, ಎಸ್‌ಎಂಪಿಎಸ್ ತನ್ನ ಕೆಲಸ ಸರಿಯಾಗೇ ಮಾಡ್ತಾ ಇರ್ಬಹುದು. ಆನ್ ಆಗ್ತಿದ್ದಂಗೆ ಎಲ್ಲೋ ಒಂದು ಕಡೆ ಶಾರ್ಟ್ ಇದೆ ಅಂತ ಅದಕ್ಕೆ ಗೊತ್ತಾಗ್ತದೆ, ಬೇರೆ ಪಾರ್ಟ್ ಸುಡಬಾರದು ಅಂತ ತಾನೇ ಕಟ್ ಮಾಡ್ತದೆ, ಗೋಡೆ ಸ್ವಿಚ್ ಆಫ್ ಮಾಡಿ ಒಳಗಿನ ಚಾರ್ಜ್ ಇಳಿಯೂ ತನಕ ಮತ್ತೆ ಏಳೂದಿಲ್ಲ. ನೀ ಹೇಳಿದ ಲಕ್ಷಣ ಅದೇ. ಹಾಗಾಗಿ ಈಗ ನಾವು ಹುಡುಕ್ಬೇಕಾದ್ದು ಹಾಳಾದ ಪಾರ್ಟ್ ಅಲ್ಲ, ಶಾರ್ಟ್ ಎಲ್ಲಿದೆ ಅಂತ.

ಪ್ಲಗ್ ತೆಗೆದು, ಪವರ್ ಬಟನ್ ನಾಲ್ಕೈದು ಸಲ ಒತ್ತು, ಉಳಿದ ಚಾರ್ಜ್ ಹೋಗ್ಲಿ. ಎಸ್‌ಎಂಪಿಎಸ್ಸಿಂದ ಹೋಗೂ ಎಲ್ಲಾ ಕೇಬಲ್ ಬಿಚ್ಚು. 24 ಪಿನ್ನಿನ ದೊಡ್ಡ ಕನೆಕ್ಟರಲ್ಲಿ ಹಸಿರು ವೈರ್ ಒಂದೇ ಇರ್ತದೆ, ಅದಕ್ಕೂ ಪಕ್ಕದ ಯಾವುದಾದ್ರೂ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಸೇರಿಸಿ ಆಮೇಲೆ ಸ್ವಿಚ್ ಹಾಕು. ವೈರ್ ಎಲ್ಲಾ ಕಪ್ಪೇ ಆಗಿದ್ರೆ ಲಾಕ್ ಕೊಕ್ಕೆ ಇರೋ ಸಾಲಲ್ಲಿ ಹಸಿರಿನ ಜಾಗ 16ನೇ ಪಿನ್ನು, 15 ಮತ್ತೆ 17 ಕಪ್ಪಿನ ಜಾಗ. ಕ್ಯಾಬಿನೆಟ್ ಫ್ಯಾನ್ ಒಂದನ್ನ ಎಸ್‌ಎಂಪಿಎಸ್ಸಿಗೆ ಕೊಟ್ಟಿರು, ಯಾಕಂದ್ರೆ ಕೆಲವು ಎಸ್‌ಎಂಪಿಎಸ್ ಲೋಡ್ ಇಲ್ದೇ ಇದ್ರೆ ತನ್ನ ಫ್ಯಾನ್ ತಿರುಗಿಸೂದೇ ಇಲ್ಲ. ಮಲ್ಟಿಮೀಟರ್ ಸಿಕ್ಕಿದ್ರೆ ಹಳದಿ-ಕಪ್ಪು ನೋಡು, 11.4 ರಿಂದ 12.6 ವೋಲ್ಟ್ ಒಳಗೆ ಇರ್ಬೇಕು. ಒಂದು ಮಾತು ಕೈ ಮುಗಿದು ಹೇಳ್ತೆ, ಎಸ್‌ಎಂಪಿಎಸ್ ಡಬ್ಬಿ ಮಾತ್ರ ಬಿಚ್ಚಬೇಡ, ಒಳಗಿನ ಕೆಪಾಸಿಟರಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರ್ಬಹುದು.

ಅದು ಓಡಿದ್ರೆ ಪ್ಲಗ್ಗೂ ಕ್ಲಿಪ್ಪೂ ತೆಗೆದು, ಬೋರ್ಡನ್ನ ಕ್ಯಾಬಿನೆಟ್ಟಿಂದ ಪೂರ್ತಿ ಹೊರಗೆ ತೆಗೆದು ಅದರದ್ದೇ ರಟ್ಟಿನ ಡಬ್ಬಿ ಮೇಲೆ ಇಡು. ಪ್ರೊಸೆಸರ್, ಅದರ ಕೂಲರ್, ಒಂದೇ ಒಂದು ರ‍್ಯಾಮು ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟಲ್ಲಿ, ಗ್ರಾಫಿಕ್ಸ್ ಕಾರ್ಡು, ಇಷ್ಟಕ್ಕೆ ಬಿಚ್ಚಿದ ಪವರ್ ಕೇಬಲ್ ಮತ್ತೆ ಹಾಕು, ಅಷ್ಟೇ. 5600ಕ್ಕೆ ಒಳಗೆ ಗ್ರಾಫಿಕ್ಸ್ ಇಲ್ಲ, ಡಿಸ್‌ಪ್ಲೇ ಬೇಕಂದ್ರೆ ಎಚ್‌ಡಿಎಂಐ ಕಾರ್ಡಿಗೇ ಹಾಕ್ಬೇಕು, ಬೋರ್ಡಿಗೆ ಹಾಕಿ ದಿನಗಟ್ಟಲೆ ತಲೆ ಕೆಡಿಸ್ಕೊಂಡವ್ರನ್ನ ನೋಡಿದ್ದೆ. ಬೋರ್ಡಲ್ಲಿ ಪವರ್ ಸ್ವಿಚ್ಚಿನ ವೈರ್ ಕೂರೋ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸು, ಎಂತ ಆಗ್ತದೆ ಹೇಳು.

ಮತ್ತೆ ಇದೊಂದು ಹೇಳು, ಹುಬ್ಬಳ್ಳಿಗೆ ಹೋಗೂವಾಗ ಗೋಡೆ ಸ್ವಿಚ್ ಆಫ್ ಮಾಡಿದ್ಯಾ?

ಪ್ರಶ್ನೆ ಕೇಳಿದವರು:
ಇಲ್ಲ ಅಣ್ಣಾ, ಶಟ್‌ಡೌನ್ ಮಾಡಿದ್ದೆ ಅಷ್ಟೇ, ಸ್ವಿಚ್ ಹಾಗೇ ಇತ್ತು.
ಎಸ್‌ಎಂಪಿಎಸ್ ಓಡ್ತು, 12.1 ತೋರಿಸ್ತು! ಬೋರ್ಡ್ ಹೊರಗೆ ಇಟ್ಟು ಸ್ಕ್ರೂಡ್ರೈವರ್ ತಾಗಿಸಿದ ಕೂಡ್ಲೇ ಫ್ಯಾನ್ ತಿರುಗ್ತು, ನಿಲ್ಲಲೇ ಇಲ್ಲ, ನಂಗೆ ಕಣ್ಣಲ್ಲಿ ನೀರೇ ಬಂತು. ಆದ್ರೆ ಡಿಸ್‌ಪ್ಲೇ ಇಲ್ಲ, ಬೋರ್ಡಿನ ಮೂಲೇಲಿ ಡಿರ‍್ಯಾಮ್ ಅಂತ ಬರ್ದಿರೋ ಹಳದಿ ಲೈಟ್ ಹಾಗೇ ನಿಂತಿದೆ.

ಉತ್ತರ:
ಒಳ್ಳೇ ಸುದ್ದಿ ತಮಾ. ಬೋರ್ಡು, ಪ್ರೊಸೆಸರ್, ಕಾರ್ಡು ಯಾವುದ್ರಲ್ಲೂ ಶಾರ್ಟ್ ಇಲ್ಲ ಅಂತ ಆಯ್ತು, ಶಾರ್ಟ್ ಇರೋದು ಕ್ಯಾಬಿನೆಟ್ ಬದಿಗೆ.

ಹಳದಿ ಲೈಟು ರ‍್ಯಾಮಿಂದು. ರ‍್ಯಾಮ್ ತೆಗೆದು ಆ ಚಿನ್ನದ ಬಣ್ಣದ ಹಲ್ಲುಗಳನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡು, ಮಂಕಾಗಿದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೇಲಿ ಒರೆಸು, ಪೂರ್ತಿ ಒಣಗಿದ ಮೇಲೆ ಹಾಕು. ರಬ್ಬರಲ್ಲಿ ಉಜ್ಜೂದು ನಮ್ಮ ಕಡೆ ರೂಢಿ, ಮೆತ್ತಗೆ ಮಾಡಿದ್ರೆ ಅಡ್ಡಿಲ್ಲ, ಆದ್ರೆ ಪುಡಿ ಸ್ಲಾಟೊಳಗೆ ಹೋಗಬಾರದು. ಕೊಕ್ಕೆ ಕಟ್ ಅನ್ನೂವರೆಗೆ ಒತ್ತಬೇಕು. ಆನ್ ಮಾಡಿ ಎರಡು ನಿಮಿಷ ಸುಮ್ನೆ ಕಾಯಿ, ರ‍್ಯಾಮ್ ತೆಗೆದು ಹಾಕಿದ್ರೆ ಮೊದಲ ಸಲ ಬೋರ್ಡು ಅದನ್ನ ಹೊಸದಾಗಿ ಪರೀಕ್ಷೆ ಮಾಡ್ಕೊಳ್ತದೆ, ಒಂದೆರಡು ಸಲ ತಾನೇ ಆಫ್ ಆಗಿ ಆನ್ ಆಗೂದೂ ಉಂಟು.

ಡಿಸ್‌ಪ್ಲೇ ಬಂದ ಮೇಲೆ ಬೋರ್ಡು ಹೊರಗೇ ಇರ್ಲಿ, ಕ್ಯಾಬಿನೆಟ್ಟಿನ ವೈರ್ ಒಂದೊಂದಾಗಿ ಹಾಕು. ಪ್ರತಿ ಸಲ ಪ್ಲಗ್ ತೆಗೆದೇ ಹಾಕ್ಬೇಕು, ಹಾಕಿದ ಮೇಲೆ ಆನ್ ಮಾಡಿ ನೋಡ್ಬೇಕು. ನಂಗೆ ಡೌಟ್ ಇರೋದು ಮುಂದಿನ ಯುಎಸ್‌ಬಿ ಮೇಲೆ. ಅದಕ್ಕೇ ಸ್ವಿಚ್ ಬಗ್ಗೆ ಕೇಳಿದ್ದು. ಶಟ್‌ಡೌನ್ ಮಾಡಿದ್ರೂ ಪ್ಲಗ್ ಹಾಕೇ ಇದ್ರೆ ಬೋರ್ಡಿಗೆ 5 ವೋಲ್ಟ್ ಬರ್ತಾನೇ ಇರ್ತದೆ, ತುಂಬಾ ಬೋರ್ಡಲ್ಲಿ ಅದು ಯುಎಸ್‌ಬಿ ಪೋರ್ಟಿಗೂ ಹೋಗ್ತದೆ. ಸಮುದ್ರದ ಗಾಳಿಯ ಉಪ್ಪು ಪಿನ್ನಿನ ಮೇಲೆ ಕೂತು ಮಳೆಗಾಲದ ತೇವ ಎಳ್ಕೊಳ್ತದೆ, ಅದ್ರ ಮೇಲೆ ಕರೆಂಟೂ ಇದ್ರೆ ಕಿಲುಬು ಹಿಡಿಯೂದು ಬೇಗ. ಟವೆಲ್ ಹೊದೆಸಿದ್ದೂ ಒಳ್ಳೇದು ಮಾಡ್ಲಿಲ್ಲ, ಧೂಳು ತಡೀತು ಹೌದು, ಆದ್ರೆ ತೇವ ಅಲ್ಲೇ ಉಳೀತು.

ಪ್ರಶ್ನೆ ಕೇಳಿದವರು:
ಅಣ್ಣಾ ಸಿಕ್ತು!! ರ‍್ಯಾಮ್ ಒರೆಸಿ ಹಾಕಿದ್ಮೇಲೆ ಡಿಸ್‌ಪ್ಲೇ ಬಂತು. ಪವರ್ ಬಟನ್ ವೈರ್ ಹಾಕ್ದೆ ಸರಿ ಇತ್ತು, ಆಡಿಯೋ ಹಾಕ್ದೆ ಸರಿ ಇತ್ತು, ಮುಂದಿನ ಯುಎಸ್‌ಬಿ 3ರ ದಪ್ಪ ವೈರ್ ಹಾಕಿದ್ದೇ ಹಾಕಿದ್ದು ಮತ್ತೆ ಕಾಲು ಸುತ್ತು. ಮೊಬೈಲ್ ಟಾರ್ಚ್ ಹಾಕಿ ಪೋರ್ಟೊಳಗೆ ನೋಡಿದ್ರೆ ಎರಡು ಪಿನ್ನಿನ ಮಧ್ಯೆ ಹಸಿರು ಕಿಲುಬು ಪಾಚಿ ಹಾಗೆ ಬೆಳ್ದಿದೆ, ಒಂದು ಪಿನ್ ಎದ್ದು ಹೊರಗಿನ ತಗಡಿಗೆ ತಾಗ್ತಾ ಇದೆ. ಆ ವೈರ್ ಬಿಟ್ಟು ಎಲ್ಲಾ ಜೋಡಿಸಿ ಈಗ ಅದೇ ಪಿಸೀಲೇ ಟೈಪ್ ಮಾಡ್ತಾ ಇದ್ದೆ. ಟೈಮ್ ಮಾತ್ರ ಹಳೇದು ತೋರಿಸ್ತದೆ, ಪ್ಲಗ್ ತೆಗೆದ್ರೆ ಪ್ರತಿ ಸಲ.

ಉತ್ತರ:
ಬಾಳ ಸಂತೋಷ ಆಯ್ತು ತಮಾ. ಆ ವೈರ್ ಹಾಗೇ ಬಿಟ್ಬಿಡು, ಹಿಂದಿನ ಪೋರ್ಟ್ ಬಳಸು, ಕಿಲುಬು ಕೆರೆದು ಮತ್ತೆ ಹಾಕೂಕೆ ಹೋಗ್ಬೇಡ. ಟೈಮಿಗೆ ಬೋರ್ಡಿನ ನಾಣ್ಯದಂಥ ಬ್ಯಾಟರಿ ಬದಲಿಸು, ಸಿಆರ್2032 ಅಂತ ಕೇಳು, ವಾಚ್ ಅಂಗಡೀಲೂ ಸಿಗ್ತದೆ.

ಇನ್ನೊಬ್ಬರ ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿ):
ಇದೇ ಕೆಳಗೆ ಕೇಳ್ತಾ ಇದ್ದೆ, ಬೇಜಾರಾಗ್ಬೇಡಿ. ಮಗ ಜೋಡಿಸಿದ ಕಂಪ್ಯೂಟರು, ನಿನ್ನೆ ಸಂಜೆ ಗುಡುಗು ಸಿಡಿಲು ಆದ್ಮೇಲೆ ಏನೂ ಇಲ್ಲ, ಫ್ಯಾನೂ ಅಲ್ಲಾಡೂದಿಲ್ಲ, ಬೋರ್ಡ್ ಲೈಟೂ ಇಲ್ಲ. ಸ್ಪೈಕ್ ಬಸ್ಟರ್ ಇತ್ತು.

ಉತ್ತರ:
ಅಕ್ಕಾ, ನಿಮ್ದು ಬೇರೆ ಕೇಸು. ಅದೇ ಸಾಕೆಟ್ಟಿಗೆ ಟೇಬಲ್ ಲ್ಯಾಂಪ್ ಹಾಕಿ ನೋಡಿ, ಆಮೇಲೆ ಸ್ಪೈಕ್ ಬಸ್ಟರ್ ಬಿಟ್ಟು ನೇರ ಗೋಡೆಗೆ ಹಾಕಿ, ಎಸ್‌ಎಂಪಿಎಸ್ ಹಿಂದಿನ ಸಣ್ಣ ಸ್ವಿಚ್ಚೂ ನೋಡಿ. ಆಗ್ಲೂ ಏನೂ ಇಲ್ಲ ಅಂದ್ರೆ ಮಗನ ಹತ್ರ ಮೇಲೆ ಹೇಳಿದ ಕ್ಲಿಪ್ಪಿನ ಪರೀಕ್ಷೆ ಮಾಡಿಸಿ. ಅದ್ರಲ್ಲೂ ಫ್ಯಾನ್ ತಿರುಗದಿದ್ರೆ ಎಸ್‌ಎಂಪಿಎಸ್ ಹೋಗಿದೆ, ಅದೊಂದೇ ಹೋಗಿದ್ರೆ ಪುಣ್ಯ. ಸಿಡಿಲು ಕರೆಂಟ್ ವೈರಲ್ಲೇ ಬರ್ಬೇಕಂತಿಲ್ಲ, ರೌಟರಿಂದ ಬರೋ ನೆಟ್ ಕೇಬಲಲ್ಲೂ ಬಂದು ಬೋರ್ಡ್ ಹೊಡೀತದೆ.

ಸ್ಪೈಕ್ ಬಸ್ಟರ್ ಹೊರಗಿಂದ ಬಂದ ಹೆಚ್ಚಿನ ವೋಲ್ಟೇಜನ್ನ ಬಿಡೂದು ಮುಖ್ಯವಾಗಿ ಅರ್ಥಿಂಗಿಗೇ, ಅರ್ಥಿಂಗ್ ಸರಿ ಇಲ್ದಿದ್ರೆ ಅದ್ರಿಂದ ಅರ್ಧ ಪ್ರಯೋಜನಾನೂ ಇಲ್ಲ. ಎಲೆಕ್ಟ್ರೀಷಿಯನ್ ಕರೆಸಿ ಸಾಕೆಟ್ಟಿನ ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಎಷ್ಟು ವೋಲ್ಟ್ ಬರ್ತದೆ ನೋಡ್ಸಿ, ಎರಡು ಮೂರು ವೋಲ್ಟಿಗಿಂತ ಜಾಸ್ತಿ ಇದ್ರೆ ಅರ್ಥಿಂಗ್ ಗುಂಡಿ ಒಮ್ಮೆ ಬಿಡಿಸಿ ನೋಡ್ಬೇಕು. ಬೇಸಿಗೇಲಿ ಮಣ್ಣು ಒಣಗಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡೂದಿಲ್ಲ, ಸಿಡಿಲು ಜಾಸ್ತಿ ಬರೋದೂ ಅದೇ ಏಪ್ರಿಲ್ ಮೇ ತಿಂಗಳಲ್ಲಿ, ಹಾಗಾಗಿ ಗುಂಡಿಗೆ ಆಗಾಗ ನೀರು ಹೊಯ್ಸಿ. ಮೋಡ ಕಂಡ ಕೂಡ್ಲೇ ಪ್ಲಗ್ಗೂ ನೆಟ್ ಕೇಬಲ್ಲೂ ಎರಡೂ ಕಿತ್ತಿಡಿ. ಕ್ಲಿಪ್ ಪರೀಕ್ಷೇಲಿ ಎಂತ ಬಂತು ಅಂತ ಇಲ್ಲೇ ತಿಳಿಸಿ, ಮುಂದಿಂದು ನೋಡ್ವಾ.