ಥಾಯ್ಲೆಂಡಿನ ಕೆಳಸ್ತರದ ಫುಟ್‌ಬಾಲ್ ಕ್ಲಬ್‌ಗಳು: ನಕ್ಷೆಯ ಮೇಲೆ ಗುಂಡುಸೂಜಿಯನ್ನು ಎಲ್ಲಿ ಚುಚ್ಚಬೇಕು?

ಬಿಸಿಲೂರ ಮಾಸ್ತರ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕ. 2019ರ ಜೂನ್ ತಿಂಗಳಲ್ಲಿ ಕಿಂಗ್ಸ್ ಕಪ್ ಪಂದ್ಯಾವಳಿಯಲ್ಲಿ ಭಾರತ ತಂಡವು ಆತಿಥೇಯ ಥಾಯ್ಲೆಂಡನ್ನು 1-0 ಅಂತರದಿಂದ ಸೋಲಿಸಿ ಮೂರನೆಯ ಸ್ಥಾನ ಪಡೆದದ್ದು ಹಲವರಿಗೆ ನೆನಪಿರಬಹುದು. ಆ ಪಂದ್ಯ ನಡೆದದ್ದು ಬ್ಯಾಂಕಾಕಿನಲ್ಲಿ ಅಲ್ಲ. ಅಲ್ಲಿಯವರೆಗೆ ನಾನು ಹೆಸರನ್ನೇ ಕೇಳಿರದ ಬುರಿರಾಮ್ ಎಂಬ ಊರಿನಲ್ಲಿ, ಮೂವತ್ತು ಸಾವಿರಕ್ಕೂ ಹೆಚ್ಚು ಆಸನಗಳಿರುವ ಕ್ರೀಡಾಂಗಣದಲ್ಲಿ. ಗೆಲುವಿಗಿಂತ ಆ ಕ್ರೀಡಾಂಗಣವೇ ನನ್ನನ್ನು ಹೆಚ್ಚು ಬೆರಗುಗೊಳಿಸಿತ್ತು. ಅಂದಿನಿಂದ ಅಲ್ಲಿನ ಎರಡನೆಯ ಮತ್ತು ಮೂರನೆಯ ಸ್ತರದ ಲೀಗ್‌ಗಳ ಅಂಕಪಟ್ಟಿಯನ್ನು ನೋಡುವ ಚಟ ಅಂಟಿಕೊಂಡಿದೆ, ಮತ್ತು ಈ ವರ್ಷ ಆ ಚಟವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೂ ಅಂಟಿಸಿದ್ದೇನೆ.

ಮಕ್ಕಳು ಥಾಯ್ಲೆಂಡಿನ ದೊಡ್ಡ ನಕ್ಷೆಯೊಂದನ್ನು ಗೋಡೆಗೆ ಹಚ್ಚಿ, ಪ್ರತಿಯೊಂದು ಕ್ಲಬ್ಬಿಗೂ ಅದರ ತವರೂರಿನಲ್ಲಿ ಗುಂಡುಸೂಜಿ ಚುಚ್ಚುತ್ತಿದ್ದಾರೆ. ಕೆಲಸ ಅರ್ಧಕ್ಕೆ ನಿಂತಿದೆ. ಕ್ಲಬ್ಬಿನ ಹೆಸರಿನಲ್ಲಿರುವುದು ಊರೋ ಪ್ರಾಂತ್ಯವೋ ಎಂಬುದು ಅನೇಕ ಕಡೆ ತಿಳಿಯುವುದಿಲ್ಲ. ಕೆಲವು ಕ್ಲಬ್‌ಗಳು ಹಳೆಯ ಪಟ್ಟಿಯಲ್ಲಿ ಒಂದೂರಿನಲ್ಲಿದ್ದರೆ ಹೊಸ ಪಟ್ಟಿಯಲ್ಲಿ ಮತ್ತೊಂದೂರಿನಲ್ಲಿ ಕಾಣಿಸುತ್ತವೆ. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ ಇದೆ: ನಮ್ಮ ತಾಲ್ಲೂಕು ಕೇಂದ್ರಗಳಷ್ಟೇ ಇರುವ ಊರುಗಳು ವೃತ್ತಿಪರ ಕ್ಲಬ್ಬೊಂದನ್ನು ಹೇಗೆ ಸಾಕುತ್ತಿವೆ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ಕೋರಿಕೆ.

ಭೀಮಾತೀರ, ಯಾದಗಿರಿ

ಮಾಸ್ತರರೇ, ತಮ್ಮ ಗೊಂದಲದ ಅರ್ಧ ಭಾಗ "ಪ್ರಾಂತ್ಯ" ಎಂಬ ಪದದಿಂದಲೇ ಬಂದಿದೆ ಎಂದು ನನಗನಿಸುತ್ತದೆ. ಥಾಯ್ ಭಾಷೆಯಲ್ಲಿ ಚಾಂಗ್‌ವಾತ್ ಎಂದು ಕರೆಯುವ ಈ ಘಟಕವನ್ನು ನಾವು ಪ್ರಾಂತ್ಯವೆಂದು ಅನುವಾದಿಸಿ ನಮ್ಮ ರಾಜ್ಯದಂತೆ ಕಲ್ಪಿಸಿಕೊಳ್ಳುತ್ತೇವೆ. ಅದು ನಿಜವಾಗಿ ನಮ್ಮ ಜಿಲ್ಲೆಗೆ ಹತ್ತಿರವಾದದ್ದು. ಬ್ಯಾಂಕಾಕನ್ನು ಬಿಟ್ಟರೆ ಅಂಥವು 76 ಇವೆ. ಅವುಗಳ ಮುಖ್ಯಸ್ಥನನ್ನು ಜನರು ಆರಿಸುವುದಿಲ್ಲ, ಒಳಾಡಳಿತ ಸಚಿವಾಲಯವು ನೇಮಿಸುತ್ತದೆ, ಅಂದರೆ ಅವನು ನಮ್ಮ ಜಿಲ್ಲಾಧಿಕಾರಿಯಂತೆ. ಅದರ ಜೊತೆಗೆ ಚುನಾಯಿತ ಪ್ರಾಂತೀಯ ಆಡಳಿತ ಸಂಸ್ಥೆ ಎಂಬುದೊಂದು ಇದೆ, ಅದು ನಮ್ಮ ಜಿಲ್ಲಾ ಪಂಚಾಯಿತಿಯಂತೆ. ಅನೇಕ ಕ್ಲಬ್‌ಗಳ ತವರು ಮೈದಾನಕ್ಕೆ "ಇಂಥ ಪ್ರಾಂತ್ಯದ ಕೇಂದ್ರ ಕ್ರೀಡಾಂಗಣ" ಎಂಬ ಸಪ್ಪೆ ಹೆಸರಿರುವುದನ್ನು ತಾವು ಗಮನಿಸಿರಬಹುದು. ಅದು ನಮ್ಮ ಜಿಲ್ಲಾ ಕ್ರೀಡಾಂಗಣವೇ. ಸುತ್ತ ಓಟದ ಪಥ, ಒಂದು ಬದಿಗೆ ಮಾತ್ರ ಚಾವಣಿ. ಕ್ಲಬ್ಬು ಕ್ರೀಡಾಂಗಣವನ್ನು ಕಟ್ಟಬೇಕಿಲ್ಲ, ಇರುವುದನ್ನು ಬಳಸುತ್ತದೆ. ಖರ್ಚಿನ ದೊಡ್ಡ ಬಾಬತ್ತೊಂದು ಅಲ್ಲಿಯೇ ಕಳೆಯಿತು.

ಆದ್ದರಿಂದ ಕ್ಲಬ್ಬಿನ ಹೆಸರು ಪ್ರಾಂತ್ಯದ್ದು, ಮೈದಾನ ಇರುವುದು ಸಾಮಾನ್ಯವಾಗಿ ಅದೇ ಹೆಸರಿನ ಕೇಂದ್ರ ಪಟ್ಟಣದಲ್ಲಿ. ಕಲಬುರಗಿ ಜಿಲ್ಲೆಗೆ ಕಲಬುರಗಿಯೇ ಕೇಂದ್ರವಾಗಿರುವ ಹಾಗೆ. ಗುಂಡುಸೂಜಿಯನ್ನು ಪಟ್ಟಣಕ್ಕೆ ಚುಚ್ಚಿ, ಬಣ್ಣವನ್ನು ಇಡೀ ಪ್ರಾಂತ್ಯಕ್ಕೆ ಬಳಿಯಲು ಮಕ್ಕಳಿಗೆ ಹೇಳಬಹುದು.

ಗಾತ್ರದ ಅಂದಾಜಿಗೆ ಹೇಳುವುದಾದರೆ, ಕೊರಾಟ್ ಎಂದು ಎಲ್ಲರೂ ಕರೆಯುವ ನಖೋನ್ ರಾಚಸೀಮಾ ಪ್ರಾಂತ್ಯದ ಜನಸಂಖ್ಯೆ ಸುಮಾರು 26 ಲಕ್ಷ. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಆದರೆ ಅದು ಅಲ್ಲಿನ ದೊಡ್ಡ ಪ್ರಾಂತ್ಯಗಳಲ್ಲೊಂದು. ಯಾದಗಿರಿಯವನಾದ ನನಗೆ ಹತ್ತಿರವೆನಿಸುವ ಕ್ಲಬ್ಬು ನಾಂಗ್‌ಬುವಾ ಪಿಚಯ. ಅದರ ಪ್ರಾಂತ್ಯವಾದ ನಾಂಗ್‌ಬುವಾ ಲಂಫು 1993ರಲ್ಲಿ ಉಡೊನ್ ಥಾನಿಯಿಂದ ಬೇರ್ಪಟ್ಟಿತು, ನಮ್ಮ ಜಿಲ್ಲೆ 2009ರ ಡಿಸೆಂಬರಿನಲ್ಲಿ ಗುಲ್ಬರ್ಗದಿಂದ ಬೇರ್ಪಟ್ಟ ಹಾಗೆ. ಜನಸಂಖ್ಯೆ ಐದು ಲಕ್ಷದ ಆಸುಪಾಸು, ಅಂದರೆ ನಮ್ಮ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಆ ಊರಿನ ಕ್ಲಬ್ಬು ಎರಡನೆಯ ಸ್ತರದ ಲೀಗನ್ನು ಗೆದ್ದು 2021ರಲ್ಲಿ ಮೊದಲ ಸ್ತರಕ್ಕೆ ಏರಿತು. ಹೆಸರಿನಲ್ಲಿರುವ ಪಿಚಯ ಎಂಬುದು ಪಿಚಯ ಬಂಡಿತ್ ಎಂಬ ಸ್ಥಳೀಯ ಕಾಲೇಜಿಗೆ ಸೇರಿದ್ದು. ಬಂಡಿತ್ ಎಂದರೆ ನಮ್ಮ ಪಂಡಿತನೇ. ಹೊಸ ಜಿಲ್ಲೆಯಾದರೆ ಜಿಲ್ಲಾಧಿಕಾರಿ ಕಚೇರಿಯ ಕಟ್ಟಡ ಎಲ್ಲಿ ಎಂಬುದಷ್ಟೇ ಚರ್ಚೆಯಾಗಬೇಕಾಗಿಲ್ಲ ಎಂದು ಆಗ ಅನಿಸಿತ್ತು, ಅದಿರಲಿ.

ಬಿದರಿ ಹೂಜಿ, ಬೀದರ್

ಭೀಮಾತೀರ ಅವರ ವಿವರಣೆ ಸರಿಯಾಗಿದೆ. ಆದರೆ ಈ ವ್ಯವಸ್ಥೆ ಮೊದಲಿನಿಂದಲೂ ಹೀಗೆ ಇರಲಿಲ್ಲ ಎಂಬುದನ್ನು ಸೇರಿಸದಿದ್ದರೆ, ಕ್ಲಬ್‌ಗಳು ಊರಿಂದೂರಿಗೆ ಅಲೆಯುವುದು ಏಕೆಂದು ಮಕ್ಕಳಿಗೆ ಅರ್ಥವಾಗುವುದಿಲ್ಲ.

1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದಾಗ ಅದು ಬ್ಯಾಂಕಾಕಿನ ಬ್ಯಾಂಕುಗಳು, ಸೇನಾಪಡೆಗಳು ಮತ್ತು ಸರ್ಕಾರಿ ಸಂಸ್ಥೆಗಳ ತಂಡಗಳ ಲೀಗ್ ಆಗಿತ್ತು. ಮೊದಲ ಆವೃತ್ತಿಯನ್ನು ಗೆದ್ದದ್ದು ಬ್ಯಾಂಕಾಕ್ ಬ್ಯಾಂಕ್ ತಂಡ. ಅದಕ್ಕೂ ಮುಂಚೆ ಥಾಯ್ ಫಾರ್ಮರ್ಸ್ ಬ್ಯಾಂಕಿನ ತಂಡವು 1994 ಮತ್ತು 1995ರಲ್ಲಿ ಸತತವಾಗಿ ಎರಡು ಸಲ ಏಷ್ಯಾದ ಕ್ಲಬ್ ಚಾಂಪಿಯನ್ ಆಗಿತ್ತು, ಆದರೂ 1997ರ ಆರ್ಥಿಕ ಕುಸಿತದ ಬಳಿಕ, 2000ನೆಯ ಇಸವಿಯಲ್ಲಿ, ಅದನ್ನು ಮುಚ್ಚಲಾಯಿತು. ಏಷ್ಯಾವನ್ನು ಗೆದ್ದ ತಂಡವೊಂದು ಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಒಂದು ಖರ್ಚಿನ ಸಾಲಾಗಿ ಹೊಡೆದುಹೋಗುವುದು ಸಾಧ್ಯವಾದದ್ದು, ಅದಕ್ಕೆ ತನ್ನದೆನ್ನುವ ಊರು ಇರಲಿಲ್ಲವೆಂಬ ಕಾರಣದಿಂದ ಎಂಬುದು ನನ್ನ ಅಭಿಪ್ರಾಯ.

ಊರುಗಳಿಗೆ ಇದ್ದದ್ದು 1999ರಲ್ಲಿ ಆರಂಭವಾದ ಪ್ರತ್ಯೇಕ ಪ್ರಾಂತೀಯ ಲೀಗ್. ಜನರು ಅಲ್ಲಿ ಸೇರುತ್ತಿದ್ದರು, ಪ್ರತಿಷ್ಠೆ ಮಾತ್ರ ಬ್ಯಾಂಕಾಕಿನಲ್ಲಿತ್ತು. 2006ರಲ್ಲಿ ಚೊನ್‌ಬುರಿ ಮತ್ತು ಸುಫಾನ್‌ಬುರಿ ಕ್ಲಬ್‌ಗಳು ಆ ಕಡೆಯಿಂದ ರಾಷ್ಟ್ರೀಯ ಲೀಗಿಗೆ ಬಂದವು, ಮತ್ತು ಮರುವರ್ಷವೇ ಚೊನ್‌ಬುರಿ ಪ್ರಶಸ್ತಿಯನ್ನು ಗೆದ್ದಿತು. ಪೂರ್ವ ಕರಾವಳಿಯ ಪ್ರಾಂತ್ಯವೊಂದು ರಾಜಧಾನಿಯ ಇಲಾಖೆಗಳನ್ನೆಲ್ಲ ಹಿಂದಿಕ್ಕಿದ್ದನ್ನು ಉಳಿದ ಪ್ರಾಂತ್ಯಗಳ ಧನಿಕರೂ ರಾಜಕಾರಣಿಗಳೂ ನೋಡಿದರು. 2009ರಲ್ಲಿ ಕ್ಲಬ್‌ಗಳು ಕಂಪನಿಗಳಾಗಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮವೂ, ಮೂರನೆಯ ಸ್ತರದಲ್ಲಿ ಪ್ರಾದೇಶಿಕ ಲೀಗೂ ಬಂದವು. ಅಲ್ಲಿಂದ ಮುಂದೆ ಕ್ಲಬ್ ಎಂಬುದು ಕೊಳ್ಳಬಹುದಾದ, ಮಾರಬಹುದಾದ, ಹೊತ್ತೊಯ್ಯಬಹುದಾದ ವಸ್ತುವಾಯಿತು.

ತಮಗೆ ಬೆರಗು ಹುಟ್ಟಿಸಿದ ಬುರಿರಾಮ್ ಇದಕ್ಕೆ ಮೊದಲ ಉದಾಹರಣೆ. 2008ರ ಚಾಂಪಿಯನ್ ಆಗಿದ್ದದ್ದು ಪ್ರಾಂತೀಯ ವಿದ್ಯುತ್ ಪ್ರಾಧಿಕಾರದ ತಂಡ. ಅದರ ನಿರ್ವಹಣೆಯನ್ನು ವಹಿಸಿಕೊಂಡ ರಾಜಕಾರಣಿ ನೆವಿನ್ ಚಿದ್‌ಚೋಬ್ ಅವರು ತಂಡವನ್ನು 2010ರ ಹೊತ್ತಿಗೆ ತಮ್ಮ ಬುರಿರಾಮಿಗೆ ಕರೆದೊಯ್ದರು. 2011ರಲ್ಲಿ ಅಲ್ಲಿ ಕ್ರೀಡಾಂಗಣ ಎದ್ದಿತು, ಆ ವರ್ಷದ ಪ್ರಶಸ್ತಿಯೂ ಬಂತು, 2012ರಿಂದ ಹೆಸರು ಬುರಿರಾಮ್ ಯುನೈಟೆಡ್ ಆಯಿತು. ನಮ್ಮ ಜೆಸ್ಕಾಂ ರಾಷ್ಟ್ರೀಯ ಚಾಂಪಿಯನ್ ತಂಡವೊಂದನ್ನು ಹೊಂದಿತ್ತು, ಅದನ್ನು ಯಾರೋ ಒಬ್ಬ ನಾಯಕರು ಹುಮನಾಬಾದಿಗೆ ಎತ್ತಿಕೊಂಡು ಹೋದರು ಎಂದು ಕಲ್ಪಿಸಿಕೊಂಡರೆ ವಿಷಯದ ತೂಕ ತಿಳಿದೀತು. ಹುಮನಾಬಾದಿನವರು ಬೇಸರ ಪಡಬಾರದು.

ಈ ಅಲೆದಾಟದಲ್ಲಿ ಎಲ್ಲರಿಗೂ ಬುರಿರಾಮಿನ ಅದೃಷ್ಟ ಸಿಗಲಿಲ್ಲ. ತಂಬಾಕು ನಿಗಮದ ತಂಡವು ಒಮ್ಮೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದೂ ಮುಂದೆ ಫಿಚಿತ್‌ಗೆ, ಅಲ್ಲಿಂದ ಚಿಯಾಂಗ್ ಮಾಯ್‌ಗೆ ಹೀಗೆ ನೆಲೆ ಬದಲಿಸುತ್ತ ಕೆಳಗಿಳಿಯಿತು. ಸಿಸಾಕೆಟ್ ಕ್ಲಬ್ಬಿನ ಸ್ಥಾನವು 2012ರಲ್ಲಿ ಈಸಾನ್ ಯುನೈಟೆಡ್ ಎಂಬ ಹೆಸರಿನಲ್ಲಿ ಪಕ್ಕದ ಉಬೊನ್ ರಾಚಥಾನಿಗೆ ಹೋಯಿತು. 2019ರಲ್ಲಿ ಪಟ್ಟಾಯ ಯುನೈಟೆಡ್ ಕ್ಲಬ್ಬೇ ಸಮುತ್ ಪ್ರಾಕಾನ್ ಸಿಟಿ ಎಂದಾಯಿತು. ತಮ್ಮ ಹಳೆಯ ಪಟ್ಟಿಯೂ ಹೊಸ ಪಟ್ಟಿಯೂ ಹೊಂದಿಕೆಯಾಗದಿರಲು ಇವೇ ಕಾರಣ.

ಆಳಂದದ ಓದುಗ

ಫುಟ್‌ಬಾಲಿನ ಬಗ್ಗೆ ಹೇಳಲು ನನಗೆ ಅಧಿಕಾರವಿಲ್ಲ, ಊರ ಹೆಸರುಗಳ ಬಗ್ಗೆ ಎರಡು ಮಾತು ಹೇಳಬಲ್ಲೆ. ಮಕ್ಕಳು ಈ ಅಂಕಪಟ್ಟಿಯನ್ನು ಪರಕೀಯವೆಂದು ಭಾವಿಸಬೇಕಾಗಿಲ್ಲ. ಸುಫಾನ್‌ಬುರಿ ಎಂದರೆ ಸುವರ್ಣಪುರಿ, ಉಬೊನ್ ರಾಚಥಾನಿ ಎಂದರೆ ಉತ್ಪಲ ರಾಜಧಾನಿ, ನಖೋನ್ ಪಥೋಮ್ ಎಂದರೆ ಪ್ರಥಮ ನಗರ, ಚಾಯ್‌ನಾಟ್ ಎಂದರೆ ಜಯನಾದ, ಸಮುತ್ ಪ್ರಾಕಾನ್ ಎಂದರೆ ಸಮುದ್ರ ಪ್ರಾಕಾರ, ಯಸೋಥೋನ್ ಎಂದರೆ ಯಶೋಧರ. ಪ್ರಾಚಿನ್‌ಬುರಿಯಲ್ಲಿರುವ ಪ್ರಾಚೀನವು ಹಳತೆಂಬ ಅರ್ಥದ್ದಲ್ಲ, ಪೂರ್ವದಿಕ್ಕಿನದು ಎಂಬ ಹಳೆಯ ಸಂಸ್ಕೃತಾರ್ಥದ್ದು. ಅದು ನಾವು ಬಹುಮಟ್ಟಿಗೆ ಮರೆತಿರುವ ಅರ್ಥ.

ಕ್ಲಬ್‌ಗಳ ಅಡ್ಡಹೆಸರುಗಳೂ ಊರಿನಿಂದಲೇ ಬಂದಿವೆ. ಸುಫಾನ್‌ಬುರಿಯವರು ಯುದ್ಧದ ಆನೆಗಳು, ಏಕೆಂದರೆ 1593ರಲ್ಲಿ ರಾಜ ನರೇಸುವನ್ ಆನೆಯ ಮೇಲೆ ಕುಳಿತು ಬರ್ಮಾದ ಯುವರಾಜನೊಡನೆ ಕಾದಿದ್ದು ಅಲ್ಲಿ ಎಂಬುದು ಥಾಯ್ ಪರಂಪರೆಯ ನಂಬಿಕೆ, ಪ್ರಾಂತ್ಯದ ಮುದ್ರೆಯಲ್ಲೂ ಆ ಕಾಳಗವೇ ಇದೆ. ಕೊರಾಟ್ ತಂಡಕ್ಕೆ ಆ ಊರಿನ ಹೆಸರಾಂತ ಬೂದುಬಣ್ಣದ ಬೆಕ್ಕಿನ ಹೆಸರು. ಪಕ್ಷಿಧಾಮಕ್ಕೆ ಪ್ರಸಿದ್ಧವಾದ ಚಾಯ್‌ನಾಟ್ ತಂಡಕ್ಕೆ ಮಂಗಟ್ಟೆ ಹಕ್ಕಿ. ಆನೆ ದ್ವೀಪವೆಂಬ ಅರ್ಥದ ಕೊ ಚಾಂಗ್ ಇರುವ ತ್ರಾತ್ ತಂಡಕ್ಕೆ ಬಿಳಿಯಾನೆ. ಗುಂಡುಸೂಜಿಯ ಬದಲು ಈ ಪ್ರಾಣಿಗಳನ್ನೇ ಬಿಡಿಸಿ ಅಂಟಿಸಿದರೆ ನಕ್ಷೆ ಇನ್ನೂ ಚೆನ್ನಾಗಿ ಕಂಡೀತು.

ಕಾಗಿಣಾ ದಂಡೆ, ಸೇಡಂ

ಬಿದರಿ ಹೂಜಿ ಅವರು ಮಾರಾಟ, ಸ್ಥಳಾಂತರಗಳ ಕಥೆಯನ್ನು ಹೇಳಿದ್ದಾರೆ. ಅದನ್ನು ಓದಿ ಮಾಸ್ತರರು ನಿರಾಶರಾಗಬಾರದು, ಅತಿಯಾಗಿ ಉತ್ಸಾಹಗೊಳ್ಳಲೂ ಬಾರದು. ಸಣ್ಣ ಊರು ಕ್ಲಬ್ಬನ್ನು ಸಾಕುತ್ತಿರುವುದು ಟಿಕೆಟ್ ಹಣದಿಂದ ಅಲ್ಲ. ಅನೇಕ ಕಡೆ ಕ್ಲಬ್ಬಿನ ಅಧ್ಯಕ್ಷರು ಸ್ಥಳೀಯ ರಾಜಕೀಯ ಕುಟುಂಬದವರೇ ಆಗಿರುತ್ತಾರೆ, ಮತ್ತು ಅವರ ಆಸಕ್ತಿ ತಗ್ಗಿದ ವರ್ಷ ತಂಡವೂ ತಗ್ಗುತ್ತದೆ. ಇಡೀ ಚಾಯ್‌ನಾಟ್ ಪ್ರಾಂತ್ಯದ ಜನಸಂಖ್ಯೆ ಕಲಬುರಗಿ ನಗರವೊಂದರ ಜನಸಂಖ್ಯೆಗಿಂತಲೂ ಕಡಿಮೆ. ಅಂಥ ಊರಿನ ಕ್ಲಬ್ಬು 2012ರಲ್ಲಿ ಮೊದಲ ಸ್ತರದಲ್ಲಿ ಆಡಿತೆಂದರೆ ಅದನ್ನು ಬರಿಯ ಅಭಿಮಾನ ಮೇಲಕ್ಕೆತ್ತಿರಲಾರದು. ತ್ರಾತ್ 2019ರಲ್ಲಿ ಮೇಲೇರಿ ಎರಡೇ ಆವೃತ್ತಿಗಳಲ್ಲಿ ಕೆಳಗಿಳಿಯಿತು. ಲಂಪಾಂಗ್ 2022ರಲ್ಲಿ ಏರಿ ಒಂದೇ ಆವೃತ್ತಿಯಲ್ಲಿ ಇಳಿಯಿತು.

ನಿಜವಾದ ಬಲವಿರುವುದು ಏಣಿಯಲ್ಲಿ. ಮೂರನೆಯ ಸ್ತರವನ್ನು ಉತ್ತರ, ಈಶಾನ್ಯ, ಪೂರ್ವ, ಪಶ್ಚಿಮ, ದಕ್ಷಿಣ ಮುಂತಾಗಿ ಆರು ವಲಯಗಳಾಗಿ ಒಡೆದಿದ್ದಾರೆ. ಆದ್ದರಿಂದ ಯಸೋಥೋನಿನ ಹುಡುಗರು ಆಡಲು ದಕ್ಷಿಣದ ತುದಿಯವರೆಗೆ ಹೋಗಬೇಕಾಗಿಲ್ಲ, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲೇ ಹೆಚ್ಚಿನ ಪಂದ್ಯಗಳು ಮುಗಿಯುತ್ತವೆ. ಪ್ರತಿ ವಲಯದ ಮೊದಲೆರಡು ತಂಡಗಳು ರಾಷ್ಟ್ರೀಯ ಹಂತದಲ್ಲಿ ಸೇರುತ್ತವೆ, ಅಲ್ಲಿಂದ ಮೂರು ತಂಡಗಳು 18 ಕ್ಲಬ್‌ಗಳ ಎರಡನೆಯ ಸ್ತರಕ್ಕೆ ಹೋಗುತ್ತವೆ. 2017ರಲ್ಲಿ ನಾಲ್ಕನೆಯ ಸ್ತರವನ್ನೂ ಮಾಡಿದ್ದರು, ಅದು ಬಾಳಲಿಲ್ಲ, 2020ರಲ್ಲಿ ಮೂರನೆಯದರೊಳಗೆ ಸೇರಿಸಿದರು. ಆಡುವ ಹುಡುಗನಿಗೆ ಮನೆಯ ಹತ್ತಿರ ಲೀಗ್ ಇದೆ, ಆ ಲೀಗಿಗೆ ಮೇಲೆ ಹೋಗುವ ದಾರಿ ಇದೆ. ಧಣಿ ಕೈಬಿಟ್ಟರೂ ಬೇರೆ ಧಣಿ ಹುಟ್ಟುವುದು ಈ ದಾರಿ ಇರುವುದರಿಂದ.

ಬಿಸಿಲೂರ ಮಾಸ್ತರ, ಕಲಬುರಗಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಕೊನೆಯ ಅವಧಿಯಲ್ಲಿ ತಮ್ಮ ಉತ್ತರಗಳನ್ನು ತರಗತಿಯಲ್ಲಿ ಓದಿ ಹೇಳಿದೆ. ಪ್ರಾಂತ್ಯಕ್ಕೆ ಬಣ್ಣ, ಪಟ್ಟಣಕ್ಕೆ ಸೂಜಿ ಎಂಬುದು ಒಪ್ಪಿಗೆಯಾಯಿತು. ಸ್ಥಳ ಬದಲಿಸಿದ ಕ್ಲಬ್‌ಗಳಿಗೆ ಒಬ್ಬ ವಿದ್ಯಾರ್ಥಿನಿ ತಾನೇ ಉಪಾಯ ಹೇಳಿದಳು: ಹಳೆಯ ಊರಿಗೂ ಹೊಸ ಊರಿಗೂ ಸೂಜಿ ಚುಚ್ಚಿ ನಡುವೆ ಕೆಂಪು ದಾರ ಕಟ್ಟುವುದು. ಬುರಿರಾಮಿನ ದಾರ ಬ್ಯಾಂಕಾಕಿನಿಂದ ಆರಂಭವಾಗಲಿದೆ, ತಂಬಾಕು ನಿಗಮದ ದಾರಕ್ಕೆ ಮೂರು ಗಂಟುಗಳು ಬೀಳಲಿವೆ. ಪ್ರಾಣಿಗಳನ್ನು ಬಿಡಿಸುವ ಕೆಲಸಕ್ಕೆ ಈಗಾಗಲೇ ಜಗಳ ಆರಂಭವಾಗಿದೆ. ಬಿಳಿಯಾನೆಯನ್ನು ಬಿಳಿ ಹಾಳೆಯ ಮೇಲೆ ಹೇಗೆ ಕಾಣಿಸುವುದು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಒಂದು ಕ್ಲಬ್ಬು ಮಾತ್ರ ಉಳಿದಿದೆ. ಕಸೆಟ್ಸಾರ್ಟ್ ಎಂಬುದಕ್ಕೆ ಎಷ್ಟು ಹುಡುಕಿದರೂ ಊರು ಸಿಗುತ್ತಿಲ್ಲ.

ಭೀಮಾತೀರ, ಯಾದಗಿರಿ

ಸಿಗುವುದಿಲ್ಲ, ಮಾಸ್ತರರೇ. ಅದು ಬ್ಯಾಂಕಾಕಿನ ಕೃಷಿ ವಿಶ್ವವಿದ್ಯಾಲಯದ ಹೆಸರು, ಆಳಂದದ ಓದುಗರ ಭಾಷೆಯಲ್ಲಿ ಹೇಳುವುದಾದರೆ ಕ್ಷೇತ್ರಶಾಸ್ತ್ರ. ಸೂಜಿಯನ್ನು ಬ್ಯಾಂಕಾಕಿಗೇ ಚುಚ್ಚಿ. ಪ್ರಾಣಿಯ ಜಾಗದಲ್ಲಿ ಒಂದು ತೊಗರಿ ಗಿಡ ಬಿಡಿಸಿದರೆ ಆಕ್ಷೇಪಿಸಲು ಇಲ್ಲಿ ಯಾರೂ ಬರಲಾರರು.